ಆ ಹುಡುಗನಿಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ

ಗಂಗಾವತಿಯ ತಂಗಿಗೆ, ನಮಸ್ಕಾರ.

ನಿಮ್ಮ ಪತ್ರ ಬಳ್ಳಾರಿಯ ನಮ್ಮ ಪತ್ರಿಕೆಯ ಕಚೇರಿಗೆ ಬಂದು ಮೂರು ವಾರ ಆಯ್ತು. ಇಷ್ಟು ದಿನ ಉತ್ತರ ಬರೆಯಲಿಲ್ಲ ಅಂತ ಬೇಸರ ಮಾಡ್ಕೋಬೇಡಿ. ನಾಲ್ಕು ಸಾಲಿನಲ್ಲಿ ಮುಗಿಸುವಂಥ ಪತ್ರ ಅದಾಗಿರಲಿಲ್ಲ. ಹೆಸರು ಹಾಕಬೇಡಿ ಅಂದಿದ್ದಿರಿ, ಹಾಕಿಲ್ಲ.

ಉಳಿದ ಓದುಗರಿಗಾಗಿ ಪತ್ರದಲ್ಲಿ ಇದ್ದದ್ದನ್ನು ಹೇಳಿಬಿಡುತ್ತೇನೆ. ಈ ತಂಗಿಯ ಮಗನಿಗೆ ಈಗ ಒಂಬತ್ತು ವರ್ಷ. ನಾಲ್ಕು ವರ್ಷದವನಿದ್ದಾಗ ಆಟಿಸಂ ಇದೆ ಅಂತ ಗೊತ್ತಾಯಿತು. ಮನೆಮಂದಿಯೆಲ್ಲ ಸಂಜೆ ಕೂತು ಒಂದು ಧಾರಾವಾಹಿ ನೋಡುತ್ತಾರೆ. ಅದರಲ್ಲೂ ಆಟಿಸಂ ಇರುವ ಹುಡುಗನೊಬ್ಬ ಇದ್ದಾನೆ. ಯಾರ ಜೊತೆಗೂ ಮಾತಿಲ್ಲ, ಗೋಡೆ ನೋಡುತ್ತಾ ಕೂರುತ್ತಾನೆ. ಆದರೆ ಎಂಥ ಲೆಕ್ಕ ಕೊಟ್ಟರೂ ಚಿಟಿಕೆ ಹೊಡೆಯುವಷ್ಟರಲ್ಲಿ ಬಿಡಿಸುತ್ತಾನೆ. ಆ ಮನೆಗೆ ಹೊಸ ಸೊಸೆ ಬರುತ್ತಾಳೆ. ಹರಕೆ ಹೊರುತ್ತಾಳೆ, ಉಪವಾಸ ಮಾಡುತ್ತಾಳೆ, ಹುಡುಗನನ್ನು ಅಪ್ಪಿಕೊಂಡು ಅಳುತ್ತಾಳೆ. ಒಂದು ದಿನ ಹುಡುಗ "ಅಮ್ಮಾ" ಅನ್ನುತ್ತಾನೆ. ಮುಂದಿನ ವಾರ ಬ್ಯಾಗ್ ಹಾಕಿಕೊಂಡು ಎಲ್ಲ ಮಕ್ಕಳ ಜೊತೆ ಶಾಲೆಗೆ ಹೊರಡುತ್ತಾನೆ.

ಆ ಸಂಜೆ ಅತ್ತೆಯವರು ಹೇಳಿದ ಮಾತನ್ನು ತಂಗಿ ಹಾಗೇ ಬರೆದಿದ್ದಾರೆ. "ನೋಡವಾ, ಆ ಹುಡುಗ ಹೆಂಗ ಚಂದ ಆದ. ನೀನೂ ಅಷ್ಟು ಮನಸ್ಸಿಟ್ಟು ಮಾಡಿದ್ರ ನಮ್ಮ ಹುಡುಗಾನೂ ಸುಧಾರಸ್ತಿದ್ದ." ಅದರ ಕೆಳಗೆ ಈ ಎರಡು ಸಾಲು: "ನಾನು ಅಡುಗೆಮನೆಗೆ ಹೋದೆ. ಅಳು ಕೇಳಿಸಬಾರದು ಅಂತ ಮಿಕ್ಸಿ ಹಾಕೋಣ ಅಂದ್ರೆ ಆ ಸದ್ದಿಗೆ ಮಗ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ, ಅದಕ್ಕೂ ಆಗಲಿಲ್ಲ."

ಟಿವಿಯವರು ನಮ್ಮ ಮಕ್ಕಳನ್ನು ಯಾಕೆ ಹೀಗೇ ತೋರಿಸುತ್ತಾರೆ, ಅತ್ತೆಗೆ ಏನು ಹೇಳಲಿ, ಎಂಬುದು ಅವರ ಪ್ರಶ್ನೆ.

ತಂಗಿ, ಬೇರೆ ಮಾತಿಗಿಂತ ಮೊದಲು ಇದು. ನಿಮ್ಮ ಪ್ರೀತಿ ಕಡಿಮೆಯಾಗಿ ಮಗನಿಗೆ ಆಟಿಸಂ ಬಂದಿಲ್ಲ. ಪ್ರೀತಿ ಇನ್ನಷ್ಟು ಸುರಿದರೆ ಅದು ಹೋಗುವುದೂ ಇಲ್ಲ. ಮಿದುಳು ಬೆಳೆಯುವ ರೀತಿಯೇ ಹುಟ್ಟಿನಿಂದ ಬೇರೆ ಇರುತ್ತದೆ, ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಅದು ವಾಸಿ ಮಾಡುವ ಕಾಯಿಲೆ ಅಲ್ಲ. ಮಗು ಕಲಿಯುತ್ತದೆ, ಬೆಳೆಯುತ್ತದೆ, ಸರಿಯಾದ ನೆರವು ಸಿಕ್ಕರೆ ಬದುಕು ಎಷ್ಟೋ ಹಗುರಾಗುತ್ತದೆ. ಆದರೂ ಅವನು ಆಟಿಸಂ ಇರುವವನಾಗಿಯೇ ದೊಡ್ಡವನಾಗುತ್ತಾನೆ.

ತಾಯಿಯನ್ನು ದೂರುವುದು ನಿಮ್ಮ ಮನೆಯಲ್ಲಿ ಶುರುವಾದದ್ದಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೊ ಕ್ಯಾನರ್ 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದರು. ಅದೇ ಬರಹದಲ್ಲಿ ಆ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಮಮತೆ ಕಡಿಮೆ ಅಂತಲೂ ಒಂದು ಮಾತು ಸೇರಿಸಿದರು. ಅಲ್ಲಿಂದ 'ಫ್ರಿಜ್ ತಾಯಿ' ಅನ್ನುವ ಹೆಸರು ಹುಟ್ಟಿತು. ಫ್ರಿಜ್ಜಿನ ಹಾಗೆ ತಣ್ಣಗಿರುವ ತಾಯಿ ಅಂತ! ಮಕ್ಕಳ ಮನಸ್ಸಿನ ಬಗ್ಗೆ ಬರೆಯುತ್ತಿದ್ದ ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಇದನ್ನೇ ದೊಡ್ಡ ಪುಸ್ತಕ ಮಾಡಿದರು. ಅದಕ್ಕೂ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ಸುಳ್ಳು, ಇದು ಹುಟ್ಟಿನಿಂದ ಬರುವುದು ಅಂತ ಬರೆದಿದ್ದರು. ಅವರು ಮನಶ್ಶಾಸ್ತ್ರಜ್ಞರು. ಜೊತೆಗೆ ಆಟಿಸಂ ಇರುವ ಹುಡುಗನೊಬ್ಬನ ಅಪ್ಪ. ತಾಯಿಯನ್ನು ದೂರುವ ಆ ಮಾತನ್ನು ವಿಜ್ಞಾನಿಗಳು ಕೈಬಿಟ್ಟು ದಶಕಗಳೇ ಆದವು. ನಮ್ಮ ಧಾರಾವಾಹಿಯವರು ಕೈಬಿಟ್ಟಿಲ್ಲ. ಅಪ್ಪುಗೆಯಿಂದ ಹುಡುಗ ಸರಿಹೋದ ಅಂತ ತೋರಿಸಿದರೆ, ಸರಿಹೋಗದ ಹುಡುಗನನ್ನು ಯಾರೂ ಸರಿಯಾಗಿ ಅಪ್ಪಿಕೊಂಡಿಲ್ಲ ಅಂತಲೇ ಅರ್ಥ ಅಲ್ವಾ? ಅತ್ತೆಯವರು ಆ ಅರ್ಥವನ್ನು ಬಾಯಿಬಿಟ್ಟು ಹೇಳಿದರು. ಹೇಳಿಕೊಟ್ಟದ್ದು ಟಿವಿ.

ಇನ್ನು ಆ ಲೆಕ್ಕದ ವಿಚಾರ. ನೆಂಟರು ಸಿಕ್ಕಾಗೆಲ್ಲ "ನಿಮ್ಮ ಹುಡುಗನಿಗೇನು ಬರ್ತದ?" ಅಂತ ಕೇಳುತ್ತಾರೆ ಅಂದಿದ್ದೀರಿ. ಇದರ ಬೇರು 1988ರ 'ರೈನ್ ಮ್ಯಾನ್' ಸಿನಿಮಾದಲ್ಲಿದೆ. ಅದರಲ್ಲಿ ಡಸ್ಟಿನ್ ಹಾಫ್‌ಮನ್ ಮಾಡಿದ ಪಾತ್ರ ನೆಲಕ್ಕೆ ಬಿದ್ದ ಹಲ್ಲುಕಡ್ಡಿಗಳನ್ನು ಕಣ್ಣಲ್ಲೇ ಎಣಿಸುತ್ತದೆ. ಆ ನಟನೆಗೆ ಆಸ್ಕರ್ ಬಂತು. ಆಟಿಸಂ ಅನ್ನುವ ಪದವನ್ನು ಕೋಟ್ಯಂತರ ಜನ ಮೊದಲು ಕೇಳಿದ್ದು ಅಲ್ಲೇ, ಅದಕ್ಕೆ ಆ ಸಿನಿಮಾದ ಉಪಕಾರ ಇದೆ. ಆದರೆ ಆ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್ ಅವರಿಗೆ ಇದ್ದದ್ದು ಆಟಿಸಂ ಅಲ್ಲ. ಮಿದುಳಿನ ಎಡ ಬಲ ಭಾಗಗಳನ್ನು ಜೋಡಿಸುವ ನರಗಳ ಕಟ್ಟೇ ಅವರಿಗೆ ಹುಟ್ಟಿನಿಂದ ಇರಲಿಲ್ಲ. ಓದಿದ ಪುಸ್ತಕ ಸಾವಿರಗಟ್ಟಲೆ ನೆನಪಿತ್ತು, ಅಂಗಿಯ ಗುಂಡಿ ಹಾಕಿಕೊಳ್ಳುವುದು ಮಾತ್ರ ಕಷ್ಟ. ಅವರ ಒಬ್ಬರ ನೆನಪಿನ ಶಕ್ತಿ ಲೋಕದ ಆಟಿಸಂ ಮಕ್ಕಳ ಮೇಲೆಲ್ಲ ಹೊರೆಯಾಗಿ ಕೂತಿತು.

ಆಮೇಲೆ ಬಂದ ಟಿವಿ ಸರಣಿಗಳೂ ಬಹುಮಟ್ಟಿಗೆ ಆ ದಾರಿಯಲ್ಲೇ ನಡೆದವು. 2013ರಲ್ಲಿ ಕೊರಿಯಾದಲ್ಲಿ 'ಗುಡ್ ಡಾಕ್ಟರ್' ಬಂತು. 2017ರಲ್ಲಿ ಅಮೆರಿಕದವರು ಅದನ್ನು ತಮ್ಮದಾಗಿ ಮಾಡಿಕೊಂಡು 2024ರ ತನಕ ನಡೆಸಿದರು. ಅದರ ನಾಯಕ ಆಟಿಸಂ ಇರುವ ಶಸ್ತ್ರಚಿಕಿತ್ಸಕ, ರೋಗಿಯ ದೇಹದ ಒಳಗನ್ನು ಚಿತ್ರದಂತೆ ಕಣ್ಣಮುಂದೆ ಕಾಣುವವನು. ಅಂಥ ಪ್ರತಿಭೆ ಇರುವವರು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದ್ದಾರೆ. ಬಹಳ ಜನರಿಗೆ ಇಲ್ಲ, ಅಷ್ಟೇ. ಹತ್ತು ಮನೆಗಳಲ್ಲಿ ಒಂದನ್ನೇ ಮತ್ತೆ ಮತ್ತೆ ತೋರಿಸಿದರೆ ಉಳಿದ ಒಂಬತ್ತು ಮನೆಯವರು ನೆಂಟರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ.

ಇದನ್ನು ಕಥೆಯೊಳಗೇ ಎತ್ತಿದವರೂ ಇದ್ದಾರೆ. 2022ರ ಕೊರಿಯಾದ 'ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ' ಸರಣಿಯಲ್ಲಿ ತಿಮಿಂಗಿಲಗಳನ್ನು ಪ್ರಾಣದಂತೆ ಪ್ರೀತಿಸುವ ಒಬ್ಬ ವಕೀಲೆ. ಅವಳೂ ಮಹಾ ಜಾಣೆಯೇ. ಆದರೆ ಮೂರನೇ ಕಂತಿನಲ್ಲಿ ಅವಳ ಎದುರಿಗೆ ಆಟಿಸಂ ಇರುವ ಇನ್ನೊಬ್ಬ ಯುವಕ ಬರುತ್ತಾನೆ. ಅವನಿಗೆ ಮಾತು ಬಹಳ ಕಡಿಮೆ, ಸಿಟ್ಟು ಬಂದರೆ ತಡೆಯುವುದು ಕಷ್ಟ. ಇಬ್ಬರಿಗೂ ಇರುವುದು ಒಂದೇ ಹೆಸರಿನ ಸ್ಥಿತಿ. ಒಬ್ಬಳನ್ನು ಲೋಕ ಮೆಚ್ಚುತ್ತದೆ, ಇನ್ನೊಬ್ಬನನ್ನು ಬೇಡ ಅನ್ನುತ್ತದೆ. ಆ ಭಾರ ಅವಳಿಗೇ ತಟ್ಟುತ್ತದೆ. ಆ ಕಂತನ್ನು ನಾನು ಎರಡು ಸಲ ನೋಡಿದೆ.

ಧಾರಾವಾಹಿಯವರು ಯಾಕೆ ಹೀಗೆ ಮಾಡುತ್ತಾರೆ ಅಂತ ಬೆಂಗಳೂರಿನಲ್ಲಿ ಸಂಭಾಷಣೆ ಬರೆಯುವ ನನ್ನ ಪರಿಚಯದವರೊಬ್ಬರನ್ನು ಕೇಳಿದೆ. ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ದಿನಾ ಒಂದು ಕಂತು ಕೊಡಬೇಕು. ವಾರಕ್ಕೊಮ್ಮೆ ಟಿಆರ್‌ಪಿ ಬರುತ್ತದೆ. ಒಂದು ಟ್ರ್ಯಾಕ್ ಶುರು ಮಾಡಿದರೆ ಅದನ್ನು ಎಲ್ಲೋ ಮುಗಿಸಲೇಬೇಕು. ಕಳೆದುಹೋದ ತಾಳಿ ಸಿಗುತ್ತದೆ, ಬಚ್ಚಿಟ್ಟ ವಿಲ್ ಹೊರಗೆ ಬರುತ್ತದೆ, ಆಟಿಸಂ ಹುಡುಗ ಗುಣವಾಗುತ್ತಾನೆ. ಬರೆಯುವವರಿಗೆ ಕೆಟ್ಟ ಮನಸ್ಸಿಲ್ಲ, ಟೈಮ್ ಇಲ್ಲ. ಮುಗಿಯದ ಸಂಗತಿಯನ್ನು ಮುಗಿಯದ ಹಾಗೆಯೇ ಬರೆಯುವುದಕ್ಕೆ ಅಲ್ಲಿ ಜಾಗ ಇಲ್ಲ.

ಅವರ ಮಾತು ನನಗೆ ಅರ್ಥವಾಯಿತು. ಆದರೂ ಬೇರೊಂದು ವಿಷಯ ನನ್ನನ್ನು ಬಿಡಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ನಾನೂ ಆ ಧಾರಾವಾಹಿಯ ಹತ್ತು ಹನ್ನೆರಡು ಕಂತು ನೋಡಿದೆ. ಹುಡುಗ ಅತ್ತರೆ ನಾಯಕಿ ಎಷ್ಟು ಒಳ್ಳೆಯವಳು ಅಂತ ಗೊತ್ತಾಗುತ್ತದೆ. ಹುಡುಗನನ್ನು ಕೋಣೆಗೆ ಕೂಡಿಹಾಕಿದರೆ ಚಿಕ್ಕಮ್ಮ ಎಷ್ಟು ಕೆಟ್ಟವಳು ಅಂತ ಗೊತ್ತಾಗುತ್ತದೆ. ಉಳಿದವರ ಗುಣ ಅಳೆಯುವುದಕ್ಕೆ ಅವನನ್ನು ಇಟ್ಟಿದ್ದಾರೆ. ಅವನಿಗೆ ಯಾವ ತಿಂಡಿ ಇಷ್ಟ? ಯಾವ ಅಂಗಿ ಚುಚ್ಚುತ್ತದೆ? ಯಾರು ಬಂದರೆ ಖುಷಿ? ಅಷ್ಟು ಕಂತುಗಳಲ್ಲಿ ಒಬ್ಬರೂ ಕೇಳಲಿಲ್ಲ. ಅವನಾಗಿ ಏನನ್ನೂ ಬಯಸುವುದಿಲ್ಲ. ಲೆಕ್ಕದ ವಿಚಾರವನ್ನು ತಪ್ಪಾಗಿ ತೋರಿಸಿದ್ದನ್ನೂ ವಾಸಿ ಮಾಡಿದ್ದನ್ನೂ ಒಂದು ವೇಳೆ ಕ್ಷಮಿಸಬಹುದೇನೋ, ಇದನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ.

ಯಾಕೆ ಅಂದರೆ ನಿಮ್ಮ ಪತ್ರದಲ್ಲೇ, ನಾಲ್ಕನೇ ಪುಟದ ತುದಿಯಲ್ಲಿ, ನೀವು ಸುಮ್ನೆ ಬರೆದುಬಿಟ್ಟ ಒಂದು ಸಂಗತಿ ಇದೆ. ಕಂಪ್ಲಿಯಲ್ಲಿ ನೆಂಟರ ಮದುವೆ. ಬ್ಯಾಂಡ್ ಸೆಟ್ಟು, ಸ್ಪೀಕರು, ಜನವೋ ಜನ. ಊಟದ ಪಂಕ್ತಿಯಲ್ಲಿ ಕೂತಿದ್ದ ನಿಮ್ಮ ಮಗ ಎರಡೂ ಕಿವಿ ಮುಚ್ಚಿಕೊಂಡು ಜೋರಾಗಿ ಹೇಳಿದ: "ಒಂದು ಸಣ್ಣ ವಿರಾಮದ ನಂತರ ಮತ್ತೆ ಭೇಟಿಯಾಗೋಣ." ಪಂಕ್ತಿಯವರೆಲ್ಲ ನಕ್ಕರು. ಮತ್ತೆ ಹೇಳಿದ. ಮೂರನೇ ಸಲ ಹೇಳುವಾಗ ಎದ್ದು ನಿಂತಿದ್ದ. ನೀವು ಎಲೆ ಬಿಟ್ಟು ಎದ್ದಿರಿ, ಅವನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದಿರಿ. ಕಾಲು ಗಂಟೆಯಲ್ಲಿ ಸಮಾಧಾನವಾದ. ತಾನಾಗಿ ನಿಮ್ಮ ಕೈ ಹಿಡಿದು ಒಳಗೆ ಬಂದು ಹೋಳಿಗೆ ತಿಂದ.

ಕೇಳಿದ ಮಾತನ್ನು ಹಾಗೇ ತಿರುಗಿ ಹೇಳುವುದಕ್ಕೆ ಎಖೋಲೇಲಿಯಾ ಅನ್ನುತ್ತಾರೆ. ಅರ್ಥವಿಲ್ಲದ ಗಿಳಿಪಾಠ, ಬಿಡಿಸಬೇಕಾದ ಚಾಳಿ ಅಂತ ಬಹಳ ಕಾಲ ತಿಳಿದಿದ್ದರು. 1980ರ ದಶಕದಲ್ಲಿ ಬ್ಯಾರಿ ಪ್ರಿಜಾಂಟ್ ಅನ್ನುವ ಸಂಶೋಧಕರು ಮತ್ತು ಅವರ ಜೊತೆಯವರು ಮಕ್ಕಳು ಯಾವ ಹೊತ್ತಿನಲ್ಲಿ ಏನು ಹೇಳುತ್ತಾರೆ ಅಂತ ಕೂತು ಗಮನಿಸಿದರು. ಬೇಕು ಅನ್ನುವುದಕ್ಕೆ, ಬೇಡ ಅನ್ನುವುದಕ್ಕೆ, ಮಾತು ಮುಂದುವರಿಸುವುದಕ್ಕೆ ಮಕ್ಕಳು ಆ ಕೇಳಿದ ಮಾತುಗಳನ್ನೇ ಬಳಸುತ್ತಿದ್ದರು. ನಿಮ್ಮ ಮಗ ಮಾಡಿದ್ದೂ ಅದೇ. ಟಿವಿಯಲ್ಲಿ ಆ ವಾಕ್ಯ ಬಂದಾಗೆಲ್ಲ ಎಲ್ಲರೂ ಎದ್ದು ಹೋಗುತ್ತಾರೆ, ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತಾರೆ ಅಂತ ಅವನು ನೋಡಿದ್ದಾನೆ. ನನಗೆ ಸ್ವಲ್ಪ ಹೊತ್ತು ಹೊರಗೆ ಹೋಗಬೇಕು, ಆಮೇಲೆ ಬರುತ್ತೇನೆ ಅನ್ನುವುದಕ್ಕೆ ಅವನಿಗೆ ಸಿಕ್ಕ ವಾಕ್ಯ ಅದು. ಎಷ್ಟು ಸರಿಯಾಗಿದೆ ನೋಡಿ! ವಾಪಸ್ ಬರುತ್ತೇನೆ ಅಂತಲೂ ಹೇಳಿದ್ದಾನೆ, ಬಂದೂ ಇದ್ದಾನೆ.

ನಮ್ಮ ಪುಸ್ತಕದ ಕನ್ನಡದಲ್ಲಿ ಆಟಿಸಂಗೆ ಸ್ವಲೀನತೆ ಅನ್ನುತ್ತಾರೆ, ತನ್ನಲ್ಲೇ ಮುಳುಗಿರುವುದು ಅಂತ. ಮೂಲ ಪದವೂ ಗ್ರೀಕಿನ 'ತಾನು' ಅನ್ನುವ ಅರ್ಥದ ಪದದಿಂದಲೇ ಬಂದದ್ದು. ಆ ಪಂಕ್ತಿಯಲ್ಲಿ ಮೂರು ಸಲ ಹೇಳಿದರೂ ಎದುರಿಗಿದ್ದವರಿಗೆ ಕೇಳಿಸಲಿಲ್ಲ. ತಮ್ಮಲ್ಲೇ ಮುಳುಗಿದ್ದವರು ಯಾರು? ನಾನು ಇನ್ನು ಮುಂದೆ ಆಟಿಸಂ ಅಂತಲೇ ಬರೆಯುತ್ತೇನೆ.

ಆಟಿಸಂ ಸ್ಪೆಕ್ಟ್ರಂ ಅನ್ನುತ್ತಾರಲ್ಲ, ಹಾಗಂದರೇನು ಅಂತಲೂ ಕೇಳಿದ್ದಿರಿ. ಒಬ್ಬರಿಗೆ ಮಾತು ಧಾರಾಳ, ಸದ್ದು ಮಾತ್ರ ಆಗುವುದಿಲ್ಲ. ಇನ್ನೊಬ್ಬರಿಗೆ ಮಾತೇ ಇಲ್ಲ, ನಗು ತುಂಬ. ಎಲ್ಲರನ್ನೂ ಒಳಗೊಳ್ಳಲು ಅಷ್ಟು ಅಗಲದ ಹೆಸರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಮಾತು ಚೆನ್ನಾಗಿ ಬರುವವರಿಗೆ ಇಟ್ಟಿದ್ದ ಆಸ್ಪರ್ಗರ್ ಅನ್ನುವ ಬೇರೆ ಹೆಸರನ್ನು ತೆಗೆದು ಎಲ್ಲವನ್ನೂ ಇದರಡಿ ತಂದಿತು.

ಟಿವಿಗೆ ಬೇರೆ ರೀತಿ ತೋರಿಸಲು ಬರುವುದೇ ಇಲ್ಲ ಅಂತೇನೂ ಅಲ್ಲ. ಅಮೆರಿಕದ ಮಕ್ಕಳ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್'ನಲ್ಲಿ ಜೂಲಿಯಾ ಅಂತ ಆಟಿಸಂ ಇರುವ ಒಂದು ಬೊಂಬೆ ಇದೆ, ಟಿವಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ದೊಡ್ಡ ಹಳದಿ ಹಕ್ಕಿ ಬಂದು ಮಾತಾಡಿಸಿದರೆ ಜೂಲಿಯಾ ಉತ್ತರ ಕೊಡುವುದಿಲ್ಲ. ಹಕ್ಕಿಗೆ ನೋವಾಗುತ್ತದೆ, ನಾನಂದ್ರೆ ಅವಳಿಗೆ ಇಷ್ಟ ಇಲ್ಲ ಅಂದುಕೊಳ್ಳುತ್ತದೆ. ಸೈರನ್ ಕೂಗಿದಾಗ ಜೂಲಿಯಾ ಹೆದರಿ ಕಿವಿ ಮುಚ್ಚಿಕೊಳ್ಳುತ್ತಾಳೆ, ಅವಳನ್ನು ಸದ್ದಿಲ್ಲದ ಕಡೆ ಕರೆದುಕೊಂಡು ಹೋಗುತ್ತಾರೆ. ಆಮೇಲೆ ಆಟ ಮುಂದುವರಿಯುತ್ತದೆ. ಅವಳು ಲೆಕ್ಕ ಬಿಡಿಸುವುದಿಲ್ಲ, ಗುಣವಾಗುವುದೂ ಇಲ್ಲ. ಕುಣಿಯುತ್ತಾಳೆ, ಚಿತ್ರ ಬರೆಯುತ್ತಾಳೆ. ಬೊಂಬೆ ಆಡಿಸುವ ಸ್ಟೇಸಿ ಗಾರ್ಡನ್ ಅವರ ಸ್ವಂತ ಮಗನಿಗೂ ಆಟಿಸಂ ಇದೆ. ಮನೆಯಲ್ಲಿ ನೋಡಿದವರ ಕೈ ಅದು, ಅದಕ್ಕೇ ಬೊಂಬೆಯ ಕೈಯೂ ನಿಜದ ಹಾಗೆ ಅಲ್ಲಾಡುತ್ತದೆ. ನಿಮ್ಮ ಕಂಪ್ಲಿಯ ಬೇವಿನ ಮರ ಓದುವಾಗ ನನಗೆ ಈ ಕಂತೇ ನೆನಪಾಯಿತು.

ನಮ್ಮ ದೇಶದಲ್ಲಿ ಕಾನೂನಿನ ಮಾತೂ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಸಿನಿಮಾ ಪ್ರಕರಣದಲ್ಲಿ, ತೆರೆಯ ಮೇಲೆ ಅಂಗವಿಕಲರನ್ನು ಹೇಗೆ ತೋರಿಸಬೇಕು ಅಂತ ಸೂತ್ರಗಳನ್ನು ಕೊಟ್ಟಿತು. ಅವಮಾನಿಸುವ ಪದ ಬೇಡ, ಬರೆಯುವ ಮೊದಲು ಸ್ಥಿತಿಯನ್ನು ತಿಳಿದುಕೊಳ್ಳಿ, ಅವರನ್ನು ಬಿಟ್ಟು ಅವರ ಬಗ್ಗೆ ತೀರ್ಮಾನ ಬೇಡ. ಮಹಾಶಕ್ತಿವಂತರು ಅಂತ ಉಬ್ಬಿಸುವುದೂ ತಪ್ಪು ಅಂತ ಅದರಲ್ಲಿದೆ.

ನಮ್ಮ ಪತ್ರಿಕೆಯ ತಪ್ಪನ್ನೂ ಇಲ್ಲೇ ಹೇಳಬೇಕು. ಮೂರು ವರ್ಷದ ಹಿಂದೆ ನಾವು 'ಆಟಿಸಂ ಗೆದ್ದ ಬಾಲಕ' ಅಂತ ತಲೆಬರಹ ಹಾಕಿದ್ದೆವು. ಆ ತಲೆಬರಹ ಕೊಟ್ಟವನು ನಾನೇ. ಹುಡುಗ ಚಿತ್ರಕಲೆಯಲ್ಲಿ ಬಹುಮಾನ ಪಡೆದಿದ್ದ, ಅಷ್ಟೇ. ಯಾವುದನ್ನೂ ಗೆದ್ದಿರಲಿಲ್ಲ, ಯಾವುದಕ್ಕೂ ಸೋತೂ ಇರಲಿಲ್ಲ. ಆ ವಾರ ಎಷ್ಟು ಮನೆಗಳಲ್ಲಿ ಎಷ್ಟು ತಾಯಂದಿರಿಗೆ ಆ ಪುಟ ತೋರಿಸಿ "ನೋಡು" ಅಂದರೋ! ಕ್ಷಮೆ ಕೇಳುತ್ತೇನೆ.

ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಇನ್ನೂ ಮಾಡಿಸಿಲ್ಲ ಅಂದಿದ್ದೀರಿ. ದಯವಿಟ್ಟು ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಇದೆ, ಥೆರಪಿ ಖರ್ಚಿನ ಒಂದು ಭಾಗವೂ ಅದರೊಳಗೆ ಬರುತ್ತದೆ. ಮಾತಿನ ತರಬೇತಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗುವ ಯೋಚನೆ ಒಳ್ಳೆಯದೇ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಅಷ್ಟು ದೂರ ಹೋಗುವಾಗ ಕಿಟಕಿ ಪಕ್ಕದ ಸೀಟು ಅವನಿಗೇ ಇರಲಿ.

ಇನ್ನು ಅತ್ತೆಯವರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಿಕ್ಸಿ ಬೇಡ ಅಂತ ಈಗ ಒರಳುಕಲ್ಲಿನಲ್ಲಿ ಚಟ್ನಿ ರುಬ್ಬುವವರು ಅವರೇ ಅಂತ ನೀವೇ ಬರೆದಿದ್ದೀರಲ್ಲ. ಮೊಮ್ಮಗನಿಗೆ ಏನು ಬೇಕು ಅಂತ ಅವರ ಕೈಗೆ ಗೊತ್ತಿದೆ. ಧಾರಾವಾಹಿ ನಿಲ್ಲಿಸಿ ಅನ್ನಬೇಡಿ. ಜೊತೆಗೆ ಕೂತು ನೋಡಿ. ಆ ಹುಡುಗ ಕಾಣಿಸಿಕೊಂಡಾಗ, "ಅತ್ತಿ, ಈ ಹುಡುಗನಿಗೆ ಏನು ಇಷ್ಟ ಅಂತ ನಿಮಗೆ ಗೊತ್ತಾತೇನು?" ಅಂತ ಒಂದು ಸಲ ಕೇಳಿ. ನಮ್ಮವನಿಗೆ ಏನು ಇಷ್ಟ ಅಂತ ಅವರೇ ಹೇಳಲು ಶುರು ಮಾಡುತ್ತಾರೆ ಅನ್ನುವುದು ನನ್ನ ನಂಬಿಕೆ.

ಇನ್ನೊಂದು ಕೆಲಸ ನಿಮಗೆ. ಮುಂದಿನ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇನೆ. ನಿಮ್ಮ ಮಗನ ಒಂದು ದಿನವನ್ನು, ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ, ಬರೆದು ಕಳಿಸಿ. ನಿಮ್ಮೂರ ಮಾತಿನಲ್ಲೇ ಬರೆಯಿರಿ, ನಾವು ತಿದ್ದುವುದಿಲ್ಲ. ಬರೆಯುವಾಗ ಅತ್ತೆಯವರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ನಿಮಗೆ ಗೊತ್ತಿಲ್ಲದ ಯಾವುದಾದರೂ ವಾಕ್ಯವನ್ನು ಅವನು ಅಜ್ಜಿಗೆ ಹೇಳಿರಬಹುದು.

ನಿಮ್ಮ,
ಸಂಪಾದಕ