ಜೈಲಿನಲ್ಲಿ ಪದವಿ ಓದುವವರಿಗೆ ನೆರವಾಗುವ ಸ್ವಯಂಸೇವಕರ ತಂಡವನ್ನು ಮುನ್ನಡೆಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ನಿವೃತ್ತ ಉಪನ್ಯಾಸಕರು, ಎಂ.ಎ. ವಿದ್ಯಾರ್ಥಿಗಳು ಸೇರಿ ಮೈಸೂರಿನಲ್ಲಿ ಹತ್ತು ಜನ ಸಿದ್ಧರಿದ್ದೀರಿ. ಕೇಂದ್ರ ಕಾರಾಗೃಹದಲ್ಲಿ ದೂರಶಿಕ್ಷಣದ ಮೂಲಕ ಬಿ.ಎ. ಓದುವವರಿಗೆ ಪಾಠ ಹೇಳಬೇಕೆಂದಿದ್ದೀರಿ. ತಂಡದ ಹೊಣೆ ನಿಮ್ಮ ಮೇಲಿದೆ, ಎಲ್ಲಿಂದ ಶುರು ಮಾಡಬೇಕು?

ಒಂದು ದಪ್ಪ ರಿಜಿಸ್ಟರಿನಿಂದ ಶುರು ಮಾಡಿ, ಪಾಠ ಆಮೇಲೆ. ಒಳಗಿರುವ ವಿದ್ಯಾರ್ಥಿಗೆ ವರ್ಷ ಹಾಳಾಗುವುದು ಪಾಠ ತಲೆಗೆ ಹತ್ತದೆ ಅಂತ ನಾವು ತಿಳಿಯುತ್ತೇವೆ. ಹೆಚ್ಚಿನ ಸಲ ಕಾರಣ ಬೇರೆ. ಅಸೈನ್‌ಮೆಂಟ್ ಗಡುವಿನೊಳಗೆ ಗೇಟು ದಾಟಿ ಹೊರಗೆ ಬಂದಿರುವುದಿಲ್ಲ. ಪರೀಕ್ಷೆ ಅರ್ಜಿಯ ಕೊನೆಯ ದಿನ ಯಾರಿಗೂ ನೆನಪಿರುವುದಿಲ್ಲ. ಪರೀಕ್ಷೆಯ ದಿನವೇ ಕೋರ್ಟಿನ ತಾರೀಕು ಬಿದ್ದಿರುತ್ತದೆ. ನಿಮ್ಮ ಹತ್ತು ಜನರಲ್ಲಿ ಎಂಟು ಜನ ಒಳ್ಳೆಯ ಮೇಷ್ಟ್ರುಗಳಿರಬಹುದು, ಆದರೆ ತಾರೀಕು ಕಾಯುವವರು ಇಬ್ಬರಾದರೂ ಇರಲೇಬೇಕು. ಮುಂದಾಳಾಗಿ ನಿಮ್ಮ ಕೆಲಸದ ಬಹುಪಾಲು ಅದೇ.

ನಮ್ಮಲ್ಲಿ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿಲ್ಲ. ದೆಹಲಿಯ ತಿಹಾರ್ ಜೈಲಿನಲ್ಲಿ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಅಧ್ಯಯನ ಕೇಂದ್ರ ತೆರೆದದ್ದು 1994ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಕೈದಿಗಳಿಗೆ ಸಿಗುತ್ತಿದ್ದ ಪೆಲ್ ಗ್ರಾಂಟ್, ಅಂದರೆ ಕಾಲೇಜು ಓದಿಗೆ ಸರಕಾರ ಕೊಡುವ ಹಣದ ನೆರವು, ನಿಂತುಹೋಯಿತು, ಮತ್ತೆ ಪೂರ್ತಿಯಾಗಿ ಸಿಕ್ಕಿದ್ದು 2023ರ ಜುಲೈನಲ್ಲಿ. ಆ ಬರಗಾಲದ ನಡುವೆಯೂ ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ 1996ರಿಂದ ಸ್ವಯಂಸೇವಕ ಅಧ್ಯಾಪಕರು ತರಗತಿ ನಡೆಸಿದರು. ಅದೇ ಬೆಳೆದು ಇಂದು ಮೌಂಟ್ ತಮಾಲ್‌ಪೈಸ್ ಎಂಬ ಮಾನ್ಯತೆ ಪಡೆದ ಕಾಲೇಜಾಗಿದೆ. ಅಲ್ಲಿ ಸ್ವಯಂಸೇವಕರು ಕಾಲೇಜನ್ನೇ ಕಟ್ಟಬೇಕಾಯಿತು. ನಮ್ಮಲ್ಲಿ ಪುಸ್ತಕವಿದೆ, ಪರೀಕ್ಷೆಯಿದೆ, ಇಗ್ನೋ ಕೈದಿಗಳಿಗೆ ಶುಲ್ಕ ವಿನಾಯಿತಿಯನ್ನೂ ಕೊಡುತ್ತದೆ. ಕಡಿಮೆ ಬಿದ್ದಿರುವುದು ಬ್ಯಾರಕ್ಕಿಗೂ ವಿಶ್ವವಿದ್ಯಾಲಯಕ್ಕೂ ನಡುವೆ ಓಡಾಡುವ ಕಾಲುಗಳು.

ಮೊದಲು ಅನುಮತಿಯ ವಿಷಯ. ಕಾರಾಗೃಹದ ಅಧೀಕ್ಷಕರನ್ನು ಖುದ್ದಾಗಿ ಕಂಡು ಮಾತಾಡಿ, ಅವರ ಮೂಲಕವೇ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಗೆ ಪತ್ರ ಕಳಿಸಿ. ನೇರವಾಗಿ ಮೇಲಿನ ಕಚೇರಿಗೆ ಬರೆದರೆ ಕಡತ ಅಭಿಪ್ರಾಯಕ್ಕೆಂದು ಕೆಳಗೇ ಇಳಿಯುತ್ತದೆ, ಅಲ್ಲಿ ನಿಮ್ಮ ಪರಿಚಯವೇ ಇರುವುದಿಲ್ಲ. ಹತ್ತು ಬಿಡಿ ಹೆಸರುಗಳಿಗಿಂತ ಒಂದು ನೋಂದಾಯಿತ ಸಂಸ್ಥೆಯ ಅಥವಾ ಕಾಲೇಜಿನ ಲೆಟರ್‌ಹೆಡ್ ಇದ್ದರೆ ಕೆಲಸ ಸಲೀಸು. ಪ್ರತಿಯೊಬ್ಬರ ಭಾವಚಿತ್ರ, ಗುರುತಿನ ಚೀಟಿಯ ಪ್ರತಿ, ಪೊಲೀಸ್ ಪರಿಶೀಲನೆಗೆ ಒಪ್ಪಿಗೆ, ಬರುವ ವಾರ ಮತ್ತು ಗಂಟೆ, ಹೇಳುವ ವಿಷಯ, ಒಳಗೆ ಒಯ್ಯುವ ಸಾಮಾನಿನ ಪಟ್ಟಿ ಎಲ್ಲವೂ ಪತ್ರದಲ್ಲಿರಲಿ. ‘ಕೈದಿಗಳ ಮನಪರಿವರ್ತನೆ’ಯಂಥ ದೊಡ್ಡ ಮಾತು ಬೇಡ. ‘ಇಗ್ನೋ ಮತ್ತು ಕರಾಮುವಿ (ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ) ವಿದ್ಯಾರ್ಥಿಗಳಿಗೆ ವಾರಕ್ಕೆ ಎರಡು ತರಗತಿ, ಅಸೈನ್‌ಮೆಂಟ್ ಸಲ್ಲಿಕೆ, ಪರೀಕ್ಷಾ ಅರ್ಜಿ’ ಎಂದಷ್ಟೇ ಬರೆಯಿರಿ. ಅಧೀಕ್ಷಕರಿಗೆ ವರ್ಗವಾದರೆ ಬಾಯಿಮಾತಿನ ಒಪ್ಪಿಗೆಯೂ ಅವರ ಜೊತೆಗೇ ಹೋಗುತ್ತದೆ. ಆದ್ದರಿಂದ ಎಲ್ಲವೂ ಲಿಖಿತವಾಗಿರಲಿ, ವರ್ಷಕ್ಕೊಮ್ಮೆ ನವೀಕರಿಸಿ. ಜೈಲಿನಲ್ಲಿ ಶಿಕ್ಷಕರ ಹುದ್ದೆಯಲ್ಲಿ ಯಾರಾದರೂ ಇದ್ದರೆ ಅವರೇ ನಿಮ್ಮ ಬಲಗೈ. ಅವರನ್ನು ಬದಿಗಿಟ್ಟು ಏನನ್ನೂ ಮಾಡಬೇಡಿ.

ಯಾವ ವಿಶ್ವವಿದ್ಯಾಲಯ ಎಂಬುದನ್ನು ಭಾಷೆ ನೋಡಿ ತೀರ್ಮಾನಿಸಿ. ಇಗ್ನೋ ಪುಸ್ತಕಗಳು ಮುಖ್ಯವಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತವೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಶುಲ್ಕವಿಲ್ಲ ಅನ್ನುವ ಒಂದೇ ಕಾರಣಕ್ಕೆ ಅದಕ್ಕೆ ಸೇರಿಸಿದರೆ ಮೊದಲ ಪುಸ್ತಕದಲ್ಲೇ ಕೈಚೆಲ್ಲುತ್ತಾರೆ. ಅಂಥವರಿಗೆ ನಿಮ್ಮೂರಿನ ಮುಕ್ತಗಂಗೋತ್ರಿಯಲ್ಲೇ ಇರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಸರಿ. ಅಲ್ಲಿ ಶುಲ್ಕದ ವಿನಾಯಿತಿ ಆ ವರ್ಷ ಎಷ್ಟಿದೆ, ಪರೀಕ್ಷಾ ಶುಲ್ಕಕ್ಕೂ ಅನ್ವಯವೇ ಎಂದು ಪ್ರವೇಶಕ್ಕೆ ಮೊದಲೇ ಬರೆಹದಲ್ಲಿ ಕೇಳಿಕೊಳ್ಳಿ. ಹಳೆಯ ಪ್ರವೇಶ ಮುಂದುವರಿಸುತ್ತೇನೆ ಅನ್ನುವವರು ಸಿಕ್ಕರೆ ಸೇರಿದ ವರ್ಷ ನೋಡಿ. 2018ರಲ್ಲಿ ಮತ್ತೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಸಿಗುವ ಮೊದಲು ಕರಾಮುವಿಗೆ ಕೆಲವು ವರ್ಷ ಮಾನ್ಯತೆ ಇರಲಿಲ್ಲ.

ಪಿಯುಸಿ ಆಗದವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಅವರನ್ನು ಕಳಿಸಿಬಿಡಬೇಡಿ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹನ್ನೆರಡನೆಯ ತರಗತಿಗೆ ಸೇರಿಸಿ. ಐದು ವಿಷಯ, ಐದು ವರ್ಷದ ಅವಧಿ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಪಾಸು ಮಾಡುತ್ತಾ ಹೋಗಬಹುದು. ಜೈಲಿನ ಬದುಕಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಇನ್ನು ಪ್ರವೇಶದಲ್ಲಿ ಕೈಕಟ್ಟುವ ಸಂಗತಿ. 2024ರಿಂದ ದೂರಶಿಕ್ಷಣಕ್ಕೆ ಸೇರುವವರೆಲ್ಲ ಯುಜಿಸಿಯ ಡೆಬ್ ಐಡಿ, ಅಂದರೆ ಅದರ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ, ಮಾಡಿಸಿಕೊಳ್ಳಬೇಕು. ಅದಕ್ಕೆ ಎಬಿಸಿ ಐಡಿ (ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಜಮೆ ಮಾಡುವ ಖಾತೆಯ ಸಂಖ್ಯೆ) ಬೇಕು, ಎಬಿಸಿಗೆ ಡಿಜಿಲಾಕರ್, ಡಿಜಿಲಾಕರ್‌ಗೆ ಆಧಾರ್, ಆಧಾರ್‌ಗೆ ಒಟಿಪಿ. ಒಟಿಪಿ ಬರುವ ಮೊಬೈಲು ಕೈದಿಯ ಹತ್ತಿರ ಇರುವಂತಿಲ್ಲ. ಆಧಾರ್‌ಗೆ ಜೋಡಿಸಿದ ಸಂಖ್ಯೆ ಮನೆಯವರ ಬಳಿ ಚಾಲ್ತಿಯಲ್ಲಿದ್ದರೆ, ಜೈಲಿನ ಕಚೇರಿಯಲ್ಲಿ ಅಧಿಕಾರಿಯ ಎದುರು ಅರ್ಜಿ ತುಂಬುವ ಹೊತ್ತಿಗೇ ಅವರಿಗೆ ಫೋನ್ ಮಾಡಿ ಒಟಿಪಿ ಕೇಳಬೇಕು. ಇದನ್ನು ಹಿಂದಿನ ದಿನವೇ ಮನೆಯವರಿಗೆ ತಿಳಿಸಿ, ಇಲ್ಲದಿದ್ದರೆ ಮೋಸದ ಕರೆ ಎಂದು ಇಟ್ಟುಬಿಡುತ್ತಾರೆ. ಸಂಖ್ಯೆ ಸತ್ತಿದ್ದರೆ ಜೈಲಿನಲ್ಲೇ ಆಧಾರ್ ಶಿಬಿರ ನಡೆಸುವಂತೆ ಅಧೀಕ್ಷಕರಿಂದ ಪತ್ರ ಬರೆಸಿ. ಇವೆಲ್ಲ ಪ್ರವೇಶದ ಕೊನೆಯ ವಾರದಲ್ಲಿ ಆಗುವ ಕೆಲಸವಲ್ಲ, ಎರಡು ತಿಂಗಳು ಮುಂಚೆ ಹಿಡಿಯಬೇಕು.

ಹೆಸರಿನ ತೊಡಕೂ ಇಲ್ಲಿಯೇ ಬರುತ್ತದೆ. ಜೈಲಿನ ದಾಖಲೆಯಲ್ಲಿ ಎಫ್‌ಐಆರ್‌ನಲ್ಲಿದ್ದ ‘ಅಲಿಯಾಸ್’ ಹೆಸರು, ಆಧಾರ್‌ನಲ್ಲಿ ಇನ್ನೊಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮತ್ತೊಂದು. ಪ್ರವೇಶ ಅಂಕಪಟ್ಟಿಯಲ್ಲಿರುವ ಹೆಸರಿನಲ್ಲೇ ಆಗಲಿ. ಆಧಾರ್‌ನಲ್ಲಿರುವ ಹೆಸರು ಅದಕ್ಕೆ ತಾಳೆಯಾಗದಿದ್ದರೆ ಮೊದಲು ಆಧಾರ್ ತಿದ್ದಿಸಿ. ಅಂಕಪಟ್ಟಿ ಕಳೆದಿದ್ದರೆ ಓದಿದ ಶಾಲೆಯ ಮುಖ್ಯಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ನಕಲು ಪ್ರತಿಗೆ ಅರ್ಜಿ ಹಾಕಿಸಬೇಕು. ಆ ಶಾಲೆಯವರೆಗೆ ಹೋಗಿಬರಲು ನಿಮ್ಮ ತಂಡದಲ್ಲಿ ಬೈಕ್ ಇರುವ ಒಬ್ಬರು ಇರಲಿ.

ಈಗ ಆ ರಿಜಿಸ್ಟರ್. ಒಬ್ಬ ವಿದ್ಯಾರ್ಥಿಗೆ ಎದುರುಬದುರಿನ ಎರಡು ಪುಟ. ಪ್ರವೇಶ ಸಂಖ್ಯೆ, ಮಾಧ್ಯಮ, ಕೋರ್ಸ್ ಕೋಡ್‌ಗಳು, ಪುಸ್ತಕ ಬಂದ ದಿನ, ಪ್ರತಿ ಅಸೈನ್‌ಮೆಂಟ್ ಕೊಟ್ಟ ದಿನ, ರಸೀದಿ ಬಂದ ದಿನ, ಪರೀಕ್ಷಾ ಅರ್ಜಿ, ಹಾಲ್‌ಟಿಕೆಟ್, ಫಲಿತಾಂಶ, ಮುಂದಿನ ಕೋರ್ಟ್ ತಾರೀಕು. ಯಾವ ಕೇಸು ಎಂಬ ಕಾಲಂ ಬೇಡ. ನೀವೂ ಕೇಳಬೇಡಿ, ತಂಡದವರು ಗೂಗಲ್‌ನಲ್ಲಿ ಹುಡುಕುವುದೂ ಬೇಡ. ಗೊತ್ತಾದ ಮೇಲೆ ಪಾಠ ಹೇಳುವವರ ಮುಖ ಬದಲಾಗುತ್ತದೆ, ಎದುರಿಗೆ ಕೂತವರು ಅದನ್ನು ಮೊದಲ ನಿಮಿಷದಲ್ಲೇ ಓದಿಬಿಡುತ್ತಾರೆ.

ಇಗ್ನೋದಲ್ಲಿ ಪ್ರವೇಶ ಜನವರಿ ಮತ್ತು ಜುಲೈ, ಸತ್ರಾಂತ್ಯದ ಪರೀಕ್ಷೆ ಜೂನ್ ಮತ್ತು ಡಿಸೆಂಬರ್. ಬಹುತೇಕ ಕೋರ್ಸುಗಳಲ್ಲಿ ಅಸೈನ್‌ಮೆಂಟ್‌ಗೆ ಶೇ 30, ಪರೀಕ್ಷೆಗೆ ಶೇ 70 ತೂಕ. ಅಸೈನ್‌ಮೆಂಟ್ ಪಾಸಾಗದೆ ಆ ಕೋರ್ಸ್ ಮುಗಿಯುವುದಿಲ್ಲ. ಹಾಳಾಗುವ ರೀತಿಗಳು ಹೆಚ್ಚೂಕಡಿಮೆ ಇವೇ: ಕಳೆದ ವರ್ಷದ ಪ್ರಶ್ನೆಗಳಿಗೆ ಉತ್ತರ ಬರೆದಿರುತ್ತಾರೆ, ಒಬ್ಬರದನ್ನು ನೋಡಿ ಆರು ಜನ ಅಕ್ಷರ ಬಿಡದೆ ಇಳಿಸಿರುತ್ತಾರೆ, ಮೊದಲ ಪುಟದಲ್ಲಿ ಕೋಡ್ ಇರುವುದಿಲ್ಲ, ಅಥವಾ ಎಲ್ಲ ಸರಿಯಾಗಿ ಕೊಟ್ಟರೂ ರಸೀದಿ ಪಡೆದಿರುವುದಿಲ್ಲ. ಪ್ರತಿ ಸಲ ಜಾಲತಾಣದಿಂದ ಆ ಸತ್ರದ ಪ್ರಶ್ನೆಪತ್ರಿಕೆಯನ್ನೇ ಮುದ್ರಿಸಿ ಒಯ್ಯಿರಿ. ನಿಮ್ಮ ಸ್ವಂತ ಗಡುವು ವಿಶ್ವವಿದ್ಯಾಲಯದ ಗಡುವಿಗಿಂತ ಮೂರು ವಾರ ಮೊದಲಿರಲಿ. ಹೊರಗೆ ತರುವ ಪ್ರತಿ ಹಾಳೆಯನ್ನೂ ಜೈಲಿನವರು ನೋಡಿ ಮುದ್ರೆ ಹಾಕಿ ಬಿಡಬೇಕು, ಅದಕ್ಕೇ ಒಂದು ವಾರ ಹೋಗಬಹುದು.

ಕಾಗದದ ಲೆಕ್ಕವನ್ನು ಮೊದಲೇ ಹಾಕಿ. ಒಂದು ಅಸೈನ್‌ಮೆಂಟ್‌ಗೆ ಸುಮಾರು 20 ಹಾಳೆ, ವರ್ಷಕ್ಕೆ ಎಂಟು ಕೋರ್ಸ್, 25 ವಿದ್ಯಾರ್ಥಿಗಳು ಎಂದರೆ 4,000 ಹಾಳೆ, ಅಂದರೆ 500ರ ಎಂಟು ರೀಮು. ಪೆನ್ನುಗಳ ಮೈ ಪಾರದರ್ಶಕವಾಗಿರಲಿ. ತಂತಿಯ ಸ್ಪೈರಲ್ ಬೈಂಡಿಂಗ್, ಕೈವಾರ, ಬ್ಲೇಡು ಗೇಟಿನಲ್ಲೇ ಉಳಿಯುತ್ತವೆ. ವೈಟ್ನರ್ ಅಂತೂ ಬೇಡವೇ ಬೇಡ, ನಶೆಗೆ ಬಳಕೆಯಾಗುತ್ತದೆ. ನೋಟ್ಸನ್ನು ದಾರದಲ್ಲಿ ಹೊಲಿದು ಒಯ್ಯಿರಿ.

ತಂಡದವರಿಗೆ ಒಳಗೆ ಹೋಗುವ ಮೊದಲು ಒಂದು ಮಾತು ಗಟ್ಟಿಯಾಗಿ ಹೇಳಿ: ಮೊಬೈಲು, ಸ್ಮಾರ್ಟ್‌ವಾಚು, ಪೆನ್‌ಡ್ರೈವ್ ಮನೆಯಲ್ಲೇ ಇರಲಿ. ದುಡ್ಡು, ಮಾತ್ರೆ, ಬೀಡಿ, ಚೀಟಿ ಒಳಗೂ ಇಲ್ಲ, ಹೊರಗೂ ಇಲ್ಲ. ‘ಅಮ್ಮನಿಗೆ ಒಂದು ಫೋನ್ ಮಾಡಿಬಿಡಿ ಸಾರ್’ ಎಂದು ಕೇಳುತ್ತಾರೆ, ಕರುಳು ಚುರುಕ್ ಅನ್ನುತ್ತದೆ. ಆದರೂ ಆಗುವುದಿಲ್ಲ. ಅದು ಜೈಲಿನ ನಿಯಮಕ್ಕೆ ವಿರುದ್ಧ, ಒಬ್ಬರು ಮಾಡಿದ ಉಪಕಾರಕ್ಕೆ ಇಪ್ಪತ್ತೈದು ಜನರ ತರಗತಿ ನಿಲ್ಲುತ್ತದೆ. ‘ಅದು ನನ್ನ ಕೈಲಿಲ್ಲ, ಜೈಲರ್ ಸಾಹೇಬರಿಗೆ ಅರ್ಜಿ ಬರೆಯೋಣ, ಬರೆಯಲು ನಾನು ಸಹಾಯ ಮಾಡುತ್ತೇನೆ’ ಅನ್ನಿ. ಕೇಸಿನ ಬಗ್ಗೆ ಸಲಹೆ ಕೇಳಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಕಡೆ ತೋರಿಸಿ. ಡಿಗ್ರಿ ಮಾಡಿದರೆ ಶಿಕ್ಷೆಯಲ್ಲಿ ಮಾಫಿ ಸಿಗುತ್ತದೆಂದು ಯಾರೂ ಮಾತು ಕೊಡಬಾರದು.

ತರಗತಿಗೆ ಎರಡು ಗಂಟೆ ಅನುಮತಿ ಇದ್ದರೆ ತಪಾಸಣೆ, ಎಣಿಕೆ, ಬ್ಯಾರಕ್ಕಿನಿಂದ ಕರೆತರುವುದು ಎಲ್ಲ ಕಳೆದು ನಿಮಗೆ ಉಳಿಯುವುದು ಒಂದೂಕಾಲು ಗಂಟೆ. ಅಷ್ಟರಲ್ಲಿ ಉಪನ್ಯಾಸ ಕೊಡಬೇಡಿ. ಇಗ್ನೋದ ಮೂರು ವರ್ಷದ ಬಿ.ಎ.ಯ ಓದನ್ನು ಕ್ರೆಡಿಟ್ ಎಂಬ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ, ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ಮೂರೇ ವರ್ಷದಲ್ಲಿ ಮುಗಿಸಲು ವಾರಕ್ಕೆ 20 ಗಂಟೆಗೂ ಹೆಚ್ಚು ಬೇಕು. ರಾತ್ರಿಯಿಡೀ ದೀಪ ಉರಿಯುವ, ಟಿವಿ ಕೂಗುವ ಬ್ಯಾರಕ್ಕಿನಲ್ಲಿ ಅದು ಕಷ್ಟ. ಆರು ವರ್ಷದವರೆಗೆ ಅವಕಾಶವಿದೆ, ನಾಲ್ಕೈದು ವರ್ಷದ ಲೆಕ್ಕದಲ್ಲಿ ಯೋಜನೆ ಹಾಕಿ. ಅಧೀಕ್ಷಕರನ್ನು ಕೇಳಬೇಕಾದ ದೊಡ್ಡ ಉಪಕಾರ ಎಂದರೆ, ಓದುವವರಿಗೆ ದಿನಕ್ಕೆ ಎರಡು ಗಂಟೆ ಗ್ರಂಥಾಲಯದಲ್ಲಿ ಕೂರಲು ಬಿಡುವುದು, ಸಾಧ್ಯವಾದರೆ ಅವರನ್ನೆಲ್ಲ ಒಂದೇ ಬ್ಯಾರಕ್ಕಿನಲ್ಲಿ ಇರಿಸುವುದು. ನಿಮ್ಮ ಒಂದೂಕಾಲು ಗಂಟೆಯನ್ನು ಉತ್ತರ ಬರೆಸುವುದಕ್ಕೆ, ಬರೆದದ್ದನ್ನು ಅಲ್ಲೇ ತಿದ್ದುವುದಕ್ಕೆ ಬಳಸಿ. ಎಷ್ಟೋ ವರ್ಷ ಪೆನ್ನು ಹಿಡಿಯದ ಕೈಗೆ ಮೂರು ಗಂಟೆ ಬರೆಯುವುದೇ ಒಂದು ಪರೀಕ್ಷೆ.

ಒಳಗೇ ಪದವಿ ಮುಗಿಸಿದ ಸಜಾಬಂದಿ (ಶಿಕ್ಷೆಯಾದ ಕೈದಿ) ಒಬ್ಬಿಬ್ಬರು ಸಿಕ್ಕರೆ ದಿನದ ಪಾಠ ಅವರಿಂದ ನಡೆಯಲಿ. ವಾರಕ್ಕೆ ಎರಡು ದಿನ ಬರುವ ನಾವು ಅವರಿಗೆ ಬೆನ್ನೆಲುಬಾಗಿ ನಿಂತರೆ ಸಾಕು. ಆದರೆ ಪುಸ್ತಕ, ಕಾಗದ ಹಂಚುವ ಅಧಿಕಾರ ಅವರಿಗೆ ಕೊಡಬೇಡಿ. ಜೈಲಿನಲ್ಲಿ ಒಂದು ಪೆನ್ನಿಗೂ ಬೆಲೆ ಇದೆ, ಹಂಚುವವನು ದೊಡ್ಡವನಾಗುತ್ತಾನೆ. ಹಂಚಿಕೆ ನಿಮ್ಮ ಎದುರಿಗೆ ಸಹಿ ಪಡೆದು ಆಗಲಿ.

ದೇಶದ ಜೈಲುಗಳಲ್ಲಿರುವವರಲ್ಲಿ ನಾಲ್ಕರಲ್ಲಿ ಮೂವರು ವಿಚಾರಣಾಧೀನರು. 2022ರ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ಲೆಕ್ಕದಲ್ಲಿ ಶೇ 75.8. ನಾಳೆ ಜಾಮೀನು ಸಿಕ್ಕಿ ಹೋಗುವವರಿಗೆ ಯಾಕೆ ಪ್ರವೇಶ ಅನ್ನುವ ವಾದ ನಿಮ್ಮ ಕಿವಿಗೂ ಬೀಳುತ್ತದೆ. ನಾನು ಒಪ್ಪುವುದಿಲ್ಲ. ಅವರಿಗೇ ಮೊದಲು ಕೊಡಬೇಕು, ಹೊರಗೆ ಹೋದ ಮೇಲೂ ಮುಂದುವರಿಯುವ ಹಾಗೆ ಮಾಡಿಕೊಡಬೇಕು. ಅದಕ್ಕೆ ಪ್ರತಿಯೊಬ್ಬರ ಕೈಯಲ್ಲಿ ಒಂದು ಪುಟದ ಚೀಟಿ ಇರಲಿ: ಪ್ರವೇಶ ಸಂಖ್ಯೆ, ಪಾಸಾದ ಮತ್ತು ಉಳಿದ ಕೋರ್ಸುಗಳು, ಪ್ರಾದೇಶಿಕ ಕೇಂದ್ರದ ವಿಳಾಸ, ಅಧ್ಯಯನ ಕೇಂದ್ರ ಮತ್ತು ಪರೀಕ್ಷಾ ಕೇಂದ್ರ ಬದಲಿಸಲು ಏನು ಮಾಡಬೇಕು. ಜಾಮೀನು ಸಿಕ್ಕವರು ಜೈಲಿನೊಳಗಿನ ಪರೀಕ್ಷಾ ಕೇಂದ್ರಕ್ಕೆ ಮತ್ತೆ ಬರಲಾಗುವುದಿಲ್ಲ, ಕೇಂದ್ರ ಬದಲಿಸದಿದ್ದರೆ ಆ ಸತ್ರ ಹೋಯಿತು. ಬೇರೆ ಜೈಲಿಗೆ ವರ್ಗವಾದವರಿಗೂ ಇದೇ ಚೀಟಿ ದಾರಿ. ಅವರ ಕಡತ ಹಿಂದೆಯೇ ಉಳಿದುಬಿಡುತ್ತದೆ.

ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಮೂರು ಪ್ರತಿ ಮಾಡಿ. ಒಂದು ಅಧೀಕ್ಷಕರಿಗೆ, ಒಂದು ಕೋರ್ಟ್ ಹಾಜರಾತಿ ನೋಡುವ ಸಿಬ್ಬಂದಿಗೆ, ಒಂದು ವಿದ್ಯಾರ್ಥಿಯ ಮೂಲಕ ಅವರ ವಕೀಲರಿಗೆ, ತಾರೀಕು ಮುಂದೂಡಲು ಕೇಳಿಕೊಳ್ಳಲಿ ಎಂದು. ಪರೀಕ್ಷೆ ಜೈಲಿನಿಂದ ಹೊರಗಿದ್ದರೆ ಬೆಂಗಾವಲು ಸಶಸ್ತ್ರ ಮೀಸಲು ಪಡೆಯಿಂದ ಬರಬೇಕು. ಹಬ್ಬ, ಬಂದೋಬಸ್ತು, ಚುನಾವಣೆ ಇದ್ದ ವಾರ ಸಿಬ್ಬಂದಿ ಸಿಗುವುದಿಲ್ಲ. ಮೈಸೂರಿನಲ್ಲಿ ದಸರಾ ಹೊತ್ತಿಗೆ ಬೀಳುವ ಪರೀಕ್ಷೆಗಳನ್ನು ಈ ಕಣ್ಣಿಂದಲೇ ನೋಡಿ. ಜೈಲಿನೊಳಗೇ ಕೇಂದ್ರ ಕೊಡಿಸುವ ಪ್ರಯತ್ನವನ್ನು ಮೊದಲ ವರ್ಷದಿಂದಲೇ ಶುರು ಮಾಡಿ.

ಮಹಿಳಾ ವಿಭಾಗವನ್ನು ದಯವಿಟ್ಟು ಮರೆಯಬೇಡಿ. ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ತರಗತಿ ಅಲ್ಲಿಗೆ ಹೋಗುವುದೇ ಇಲ್ಲ. ಇಬ್ಬರು ಮಹಿಳಾ ಸ್ವಯಂಸೇವಕರನ್ನು ಅಲ್ಲಿಗೆಂದೇ ಮೀಸಲಿಡಿ, ಮೂರೇ ಜನ ಓದುವವರಿದ್ದರೂ ಸರಿ.

ನಿಮ್ಮ ಹತ್ತು ಜನರಲ್ಲಿ ಮೂವರು ಎರಡು ತಿಂಗಳಲ್ಲಿ ಬಿಡಬಹುದು. ಆದ್ದರಿಂದ ಸೇರುವಾಗಲೇ ಒಂದು ಸತ್ರ, ಅಂದರೆ ಆರು ತಿಂಗಳು, ಎಂದು ಮಾತು ಪಡೆಯಿರಿ. ಯಾವಾಗಲೂ ಜೋಡಿಯಾಗಿ ಕಳಿಸಿ. ಬರಲಾಗದಿದ್ದರೆ ಹಿಂದಿನ ದಿನವೇ ಜೈಲಿಗೆ ತಿಳಿಸಿ. ಒಳಗಿನವರಿಗೆ ವಾರದಲ್ಲಿ ಕಾಯುವುದಕ್ಕೆಂದು ಇರುವುದು ಆ ಒಂದು ತರಗತಿ ಮಾತ್ರ ಇರಬಹುದು. ಹೇಳದೆ ತಪ್ಪಿಸಿಕೊಂಡರೆ ಮುಂದಿನ ವಾರ ಅರ್ಧ ಜನ ಬರುವುದಿಲ್ಲ.

ಪದವಿ ಪತ್ರದಲ್ಲಿ ಜೈಲಿನ ಹೆಸರಿರುವುದಿಲ್ಲ, ಹೊರಗಿನವರಿಗೆ ಕೊಡುವ ಪತ್ರವೇ ಅವರಿಗೂ ಸಿಗುತ್ತದೆ. ಆದರೆ ಅಂಚೆ ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ಅಷ್ಟರಲ್ಲಿ ಬಿಡುಗಡೆಯಾಗಿದ್ದರೆ ಆ ಲಕೋಟೆ ಮತ್ತೆ ಜೈಲಿನ ಕಚೇರಿಗೇ ಬಂದು ಬೀಳುತ್ತದೆ. ಘಟಿಕೋತ್ಸವದ ಅರ್ಜಿ ಕಳಿಸುವ ಮುನ್ನ ವಿಳಾಸದ ಕಾಲಂ ಅವರಿಂದಲೇ ಓದಿಸಿ, ಯಾವ ಮನೆಗೆ ಬರಬೇಕು ಎಂದು ಕೇಳಿ ಬರೆಯಿರಿ.