ಮೊದಲು ಯಜಮಾನರ ಕಿವಿ ತೋರಿಸಿ

ತುಮಕೂರಿನಿಂದ ಒಬ್ಬರು ಬರೆದಿದ್ದಾರೆ. ಓದಿ ನನಗೆ ಸ್ವಲ್ಪ ಸಿಟ್ಟು ಬಂತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವರ ಯಜಮಾನರಿಗೆ 69. ಕೆಲಸ ಬೆಂಗಳೂರಿನಲ್ಲಿ, ಮನೆ ತುಮಕೂರಿನಲ್ಲಿ. ನಿವೃತ್ತಿಯವರೆಗೂ ಪಾಸ್ ಇಟ್ಟುಕೊಂಡು ದಿನಾ ಬೆಳಗಿನ ರೈಲು. ಅದೇ ಬೋಗಿ, ಅದೇ ಇಸ್ಪೀಟು ಗುಂಪು. ಯಶವಂತಪುರ ಬರುವುದರೊಳಗೆ ಪೇಪರಿನ ಪದಬಂಧ ಮುಗಿದಿರಬೇಕು. ಗೊಲ್ಲಹಳ್ಳಿ ಹತ್ತಿರ ಗಾಡಿ ನಿಂತರೆ, ಯಾವ ಗಾಡಿಗೆ ದಾರಿ ಬಿಟ್ಟಿದ್ದಾರೆ ಅಂತ ಇಡೀ ಬೋಗಿಗೆ ಇವರೇ ಹೇಳಬೇಕು. ಆ ಗುಂಪು ಈಗಲೂ ತಿಂಗಳಿಗೊಂದು ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಸೇರುತ್ತದೆ. ಒಂದು ವರ್ಷದಿಂದ ಇವರು ಮಾತ್ರ ಹೋಗುತ್ತಿಲ್ಲ. ಅಮಾನಿಕೆರೆಗೆ ವಾಕಿಂಗ್ ಹೋದರೂ ಒಬ್ಬರೇ. ಏನು ಕೇಳಿದರೂ ನಕ್ಕು ‘ಹೂಂ’ ಅನ್ನುತ್ತಾರೆ. ಮಗ ಟ್ಯಾಬ್ ತಂದುಕೊಟ್ಟು ಅದರಲ್ಲಿ ಮೆದುಳು ಚುರುಕಾಗುವ ಆಟದ ಆಪ್ ಹಾಕಿದ್ದಾನೆ. ಇವರು ಮುಟ್ಟಿಲ್ಲ. ಮರೆವಿನ ಕಾಯಿಲೆಯ ಶುರುವೇ ಇದು? ಯಾವ ಕ್ಲಾಸಿಗೆ ಸೇರಿಸಲಿ, ಸುಗಮ ಸಂಗೀತವೋ ಯೋಗವೋ? ಇದು ಪ್ರಶ್ನೆ.

ಅಮ್ಮಾ, ಪತ್ರದ ಕೊನೆಯಲ್ಲಿ ತಮಾಷೆಗೆ ಅಂತ ಒಂದು ವಿಷಯ ಬರೆದಿದ್ದೀರಿ. ಹೋದ ವರ್ಷ ಒಂದು ಮದುವೆಯಲ್ಲಿ ಬೀಗರ ಕಡೆಯವರು ಯಜಮಾನರನ್ನು “ಯಾವಾಗ ಬಂದ್ರಿ?” ಅಂತ ಕೇಳಿದರು. ಇವರು “ಇಬ್ಬರು ಮಕ್ಕಳು” ಅಂದರು. ಪಂಕ್ತಿಯಲ್ಲಿ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ನಿಮ್ಮ ತಮ್ಮ ಅದನ್ನು ಈಗಲೂ ಹಬ್ಬ ಹುಣ್ಣಿಮೆಗೆ ಅಭಿನಯ ಮಾಡಿ ತೋರಿಸುತ್ತಾನೆ. ‘ಟಿವಿ ಸೌಂಡೂ ಜೋರು, ಅದಿರಲಿ’ ಅಂತ ಅದರ ಕೆಳಗೆ ಅರ್ಧ ಸಾಲು.

ಅದಿರಲಿ ಅಂದರೆ ಹೇಗೆ? ಪತ್ರದಲ್ಲಿ ಮುಖ್ಯವಾದದ್ದೇ ಅದು. ಯಜಮಾನರಿಗೆ ಕಿವಿ ಸರಿಯಾಗಿ ಕೇಳುತ್ತಿಲ್ಲ ಅನ್ನಿಸುತ್ತದೆ.

ಆಸಕ್ತಿ ಹೋದವರು ದಿನಾ ಪದಬಂಧ ತುಂಬುತ್ತಾರಾ? ‘ಅದೊಂದು ಬಿಟ್ಟಿಲ್ಲ’ ಅಂತ ನೀವೇ ಬರೆದಿದ್ದೀರಿ. ಪದಬಂಧಕ್ಕೆ ಕಣ್ಣು ಸಾಕು. ಅವರು ಬಿಟ್ಟಿರುವುದು ಕಿವಿ ಬೇಕಾದ ಕೆಲಸಗಳನ್ನು ಮಾತ್ರ. ಬಿಟ್ಟಿದ್ದು ಯಾವಾಗಿಂದ ಅಂತಲೂ ನೋಡಿ. ಆ ಮದುವೆ ಆದ ಮೇಲೆ.

ವಯಸ್ಸಾದ ಹಾಗೆ ಕಿವಿ ಒಂದೇ ಸಲ ಮುಚ್ಚಿಹೋಗುವುದಿಲ್ಲ. ಮೊದಲು ಕೈಕೊಡುವುದು ಸಣ್ಣ ದನಿ, ಕೀಚಲು ದನಿ. ಸ, ಶ, ತ, ಕ ಥರದ ಅಕ್ಷರ ಜಾರಿಹೋಗುತ್ತವೆ. ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಹೆಂಗಸರ, ಮಕ್ಕಳ ಮಾತು ಇನ್ನೂ ಕಷ್ಟ. ಎದುರಿಗೆ ಒಬ್ಬರೇ ಕೂತು ಮಾತಾಡಿದರೆ ಹೇಗೋ ನಿಭಾಯಿಸುತ್ತಾರೆ. ವಾಲಗ ಊದುವ ಕಲ್ಯಾಣ ಮಂಟಪದಲ್ಲಿ ಆಗುವುದಿಲ್ಲ. ಕ್ಯಾತ್ಸಂದ್ರದ ಹೋಟೆಲು ಇನ್ನೂ ಕೆಟ್ಟದು: ಸ್ಟೀಲ್ ತಟ್ಟೆ ಬಡಿಯುವ ಸದ್ದು, ಆರ್ಡರ್ ಕೂಗುವವರು, ಹೊರಗೆ ಬಸ್ಸಿನ ಹಾರ್ನು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಅವರು ಎಲ್ಲರ ಮುಖ ನೋಡಿಕೊಂಡು, ಉಳಿದವರು ನಕ್ಕಾಗ ತಾವೂ ನಗಬೇಕು. ಎಷ್ಟು ದಿನ ಹಾಗೆ ನಗುತ್ತೀರಿ? ಮನೆಯಲ್ಲೇ ಇರೋಣ ಅನ್ನಿಸುತ್ತದೆ.

ಮರೆವಿನ ಭಯ ಸುಮ್ನೆ ಬಂದಿದ್ದಲ್ಲ, ಒಪ್ಪುತ್ತೇನೆ. ಮರೆವಿನ ಕಾಯಿಲೆಗೆ ದಾರಿ ಮಾಡಿಕೊಡುವ, ಆದರೆ ನಾವು ತಡೆಯಬಹುದಾದ 14 ಅಂಶಗಳನ್ನು 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ತಂಡ ಪಟ್ಟಿ ಮಾಡಿತು. ಕಿವಿ ಮಂದವಾಗುವುದು ಅದರಲ್ಲಿದೆ. ಜನರ ಒಡನಾಟ ತಪ್ಪುವುದೂ ಇದೆ. ನಿಮ್ಮ ಮನೆಯಲ್ಲಿ ಮೊದಲನೆಯದು ಎರಡನೆಯದನ್ನು ಕರೆದುಕೊಂಡು ಬಂದಿದೆ. ಕಿವಿಗೆ ಮಷೀನ್ (ಹಿಯರಿಂಗ್ ಏಡ್) ಹಾಕಿಸಿದರೆ ಮರೆವು ಬರುವುದೇ ಇಲ್ಲ ಅಂತ ಯಾರೂ ಬರೆದುಕೊಡುವುದಿಲ್ಲ. ಗೆಳೆಯರ ಮಾತು ಕೇಳಿಸುವಂತಾದರೆ ನನಗೆ ಅಷ್ಟು ಸಾಕು.

ಈ ಅಂಕಣ ಓದುವವರಿಗೆ ನನ್ನ ಹಳೇ ಹಠ ಗೊತ್ತು. ರಿಟೈರ್ ಆದವರಿಗೆ ಹೊಸ ಹವ್ಯಾಸ ಹುಡುಕಿಕೊಡಬೇಡಿ, ಹಳೇ ಗೆಳೆಯರ ಹತ್ತಿರ ಕಳಿಸಿ. ಜೀವನ ಪೂರ್ತಿ ರೈಲಿನಲ್ಲಿ ರಮ್ಮಿ ಆಡಿದವರಿಗೆ ಮಗ ಮೆದುಳಿನ ಆಪ್ ಕೊಡುತ್ತಾನಂತೆ! ಅವನು ತಂದೆಯ ಜೊತೆ ಅರ್ಧ ಗಂಟೆ ಕೂತಿದ್ದರೆ ಈ ವಿಷಯ ಯಾವತ್ತೋ ಗೊತ್ತಾಗುತ್ತಿತ್ತು. ಆದರೂ ಮಗನನ್ನು ಬಿಟ್ಟೇನು, ನಿಮ್ಮ ತಮ್ಮನನ್ನು ಬಿಡಲಾರೆ. ಅವನ ಅಭಿನಯ ಇವತ್ತಿಗೆ ನಿಲ್ಲಬೇಕು. ಹಿರಿಯ ಭಾವನ ಕಣ್ಣು ಮಂಜಾಗಿ ಎಡವಿದ್ದರೆ ಅದನ್ನೂ ಆಡಿ ತೋರಿಸುತ್ತಿದ್ದನಾ?

ಹಾಗಾಗಿ ನೀವು ಮಾಡಬೇಕಾದ್ದು ಒಂದೇ. ಈ ವಾರ ಅವರನ್ನು ಇಎನ್‌ಟಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಯಾದರೂ ಸರಿ, ಖಾಸಗಿಯಾದರೂ ಸರಿ. “ನಿಮಗೆ ಕಿವುಡು” ಅಂತ ಕರೆದರೆ ಬರುವುದಿಲ್ಲ. “ನನ್ನ ಕಿವೀನೂ ತೋರಿಸಬೇಕು, ಜೊತೆಗೆ ಬನ್ನಿ” ಅನ್ನಿ. ಸುಳ್ಳಲ್ಲ, ನೀವೂ ಪರೀಕ್ಷೆ ಮಾಡಿಸಿ. ಮೊದಲು ಗುಗ್ಗೆ ಕಟ್ಟಿದೆಯಾ ನೋಡುತ್ತಾರೆ. ಅದಷ್ಟೇ ಆಗಿದ್ದರೆ ತೆಗೆಸಿಕೊಂಡು ಮನೆಗೆ ಬನ್ನಿ. ಇಲ್ಲವಾದರೆ ಆಡಿಯೋಮೆಟ್ರಿ. ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ, ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು, ನೋವಿಲ್ಲ. ಕಿವಿ ಒಮ್ಮೆಲೇ ಕೇಳದಂತಾಗಿದ್ದರೆ, ಅಥವಾ ಒಂದೇ ಕಿವಿಯ ತೊಂದರೆಯಾಗಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ.

ಅಲ್ಲಿಯವರೆಗೆ ಅಡುಗೆಮನೆಯಿಂದ ಕೂಗಬೇಡಿ. ಕೂಗಿದರೆ ಮಾತು ಇನ್ನೂ ಕಲಸಿಹೋಗುತ್ತದೆ. ಎದುರಿಗೆ ಬಂದು, ಟಿವಿ ಆರಿಸಿ, ನಿಧಾನಕ್ಕೆ ಹೇಳಿ.

ಮಷೀನ್ ಬೇಕು ಅಂದರೆ ಹಾಕಿಸಿ. ಮೊದಲ ಕೆಲವು ವಾರ ಪಾತ್ರೆ ಸದ್ದು, ಫ್ಯಾನ್ ಸದ್ದು ಎಲ್ಲ ಜೋರಾಗಿ ಕೇಳಿ ತಲೆ ಕೆಡುತ್ತದೆ. “ಬೇಡವೇ ಬೇಡ” ಅಂತ ತೆಗೆದು ಬೀರುವಿನಲ್ಲಿಡುತ್ತಾರೆ. ಬಿಡಬೇಡಿ, ಮತ್ತೆ ಹೋಗಿ ಸೌಂಡ್ ಸರಿ ಮಾಡಿಸಿ. ರೈಲಿನ ಗೆಳೆಯರೊಬ್ಬರಿಗೆ ನೀವೇ ಫೋನ್ ಮಾಡಿ, ವಿಷಯ ಹೇಳಿ. ಮುಂದಿನ ಸಲ ಹೋಟೆಲಿನ ರಷ್ ಶುರುವಾಗುವ ಮೊದಲೇ ಸೇರಲಿ, ಯಜಮಾನರನ್ನು ಗೋಡೆಗೆ ಬೆನ್ನು ಬರುವ ಹಾಗೆ ಕೂರಿಸಲಿ.