ಝಿಯಾನ್ ಇ5-2680 ವಿ4 ತಗೊಳ್ಲಾ, 2667 ವಿ4 ತಗೊಳ್ಲಾ? ಗೇಮಿಂಗಿಗೂ ಎಡಿಟಿಂಗಿಗೂ ಯಾವುದು ವರ್ತ್?

ಎರಡೂ ಇಂಟೆಲ್ಲಿನ ಹಳೇ ಸರ್ವರ್ ಪ್ರೊಸೆಸರ್, ಎರಡೂ ಬೇಡ ಮಾರಾಯ್ರೆ. ಅಷ್ಟೇ ಬರ್ದು ಮುಗಿಸ್ಬಹುದಿತ್ತು, ಆದ್ರೆ ನಿಮ್ಮ ಪ್ರಶ್ನೆ ಕೊನೇಲಿ "ಬಜೆಟ್ ಟೈಟು, ಬೋರ್ಡ್ ಪ್ರೊಸೆಸರ್ ರ‍್ಯಾಮ್ ಕಾಂಬೋ ಸಿಗ್ತಿದೆ, ಆಮೇಲೆ ಟರ್ಬೋ ಅನ್‌ಲಾಕ್ ಮಾಡ್ಕೊಂಡ್ರೆ ಹೊಸ ಪ್ರೊಸೆಸರ್‌ಗೆ ಸಮ ಬರಲ್ವಾ" ಅಂತ ಕೇಳಿದೀರಲ್ಲ, ಅದನ್ನ ಓದಿದ್ಮೇಲೆ ಸುಮ್ನೆ ಹೋಗಕ್ಕೆ ಮನಸಾಗ್ಲಿಲ್ಲ. ಆ ಅನ್‌ಲಾಕಿನ (ಎಲ್ಲಾ ಕೋರನ್ನೂ ಪ್ರೊಸೆಸರಿನ ಗರಿಷ್ಠ ಸ್ಪೀಡಲ್ಲಿ, ಅಂದ್ರೆ ಟರ್ಬೋದಲ್ಲಿ, ಓಡ್ಸೋ ಉಪಾಯ) ಆಸೆಗೆ ಬಿದ್ದು ನಾನು ಒಂದು ಬೋರ್ಡ್ ಕಳ್ಕೊಂಡಿದೀನಿ.

ನಮ್ದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ ಒಳಗೊಂದು ಊರು. ಮದುವೆ, ಗೃಹಪ್ರವೇಶ, ಆಗಾಗ ಯಕ್ಷಗಾನ, ಇವುಗಳ ವೀಡಿಯೋ ಎಡಿಟ್ ಮಾಡಿ ಕೊಡೋದು ಕೆಲ್ಸ, ರಾತ್ರಿ ಊಟ ಆದ್ಮೇಲೆ ಗೇಮು. ಹಳೇ ಐ3 ಮೆಷಿನ್ನಲ್ಲಿ ಒಂದು ಮದುವೆ ಎಕ್ಸ್‌ಪೋರ್ಟ್‌ಗೆ ಹಾಕಿದ್ರೆ ಬೆಳಗಾಗ್ತಿತ್ತು. ಆಗ ಸಾಗರದ ನಮ್ಮ ದೊಡ್ಡಪ್ಪನ ಮಗ ಹೇಳ್ದ, ಬೆಂಗಳೂರಲ್ಲಿ ಸರ್ವರಿಂದ ಬಿಚ್ಚಿದ ಝಿಯಾನ್ ಸಿಗ್ತದೆ ಕಣೋ, 14 ಕೋರು 28 ಥ್ರೆಡ್ಡು, 2016ರಲ್ಲಿ ಬಿಟ್ಟಾಗ 1745 ಡಾಲರ್ ಇದ್ದಿದ್ದು ಈಗ ಒಂದು ಮೊಬೈಲ್ ಕವರು ಇಯರ್‌ಫೋನಿನ ದುಡ್ಡಿಗೆ ಬರ್ತದೆ ಅಂತ. ಸ್ವಲ್ಪ ಉತ್ಪ್ರೇಕ್ಷೆ ಮಾಡ್ದ ಬಿಡಿ, ಆದ್ರೆ ಭಾಳ ಏನಲ್ಲ. ಡೇಟಾ ಸೆಂಟರಿನೋರು ಹಳೇ ಸರ್ವರ್ ತೆಗೆದು ಹಾಕ್ದಾಗ ಈ ಪ್ರೊಸೆಸರ್‌ಗಳು ರಾಶಿ ರಾಶಿ ಹೊರಗೆ ಬರ್ತವೆ, ಅದಕ್ಕೇ ಅಗ್ಗ. ಆದ್ರೆ ಅದನ್ನ ಕೂರ್ಸಕ್ಕೆ ಬೇಕಾದ ಎಲ್‌ಜಿಎ 2011-3 ಸಾಕೆಟ್ಟಿನ ಬೋರ್ಡ್ ರಾಶಿ ರಾಶಿ ಬರಲ್ಲ. ಸರ್ವರ್ ಬೋರ್ಡುಗಳ ಸೈಜು, ಪವರ್ ಕನೆಕ್ಟರು ಎಲ್ಲಾ ಅವ್ರವ್ರದ್ದೇ ಆದ್ದರಿಂದ ನಮ್ಮ ಕ್ಯಾಬಿನೆಟ್‌ಗೆ ಆಗಲ್ಲ. ಹಂಗಾಗಿ ಚೀನಾದಲ್ಲಿ ಹಳೇ ಚಿಪ್‌ಸೆಟ್ ಕಿತ್ತು ಹೊಸ ಬೋರ್ಡಿಗೆ ಅಂಟಿಸಿ ಎಕ್ಸ್99 ಅಂತ ಮಾರ್ತಾರಲ್ಲ ಅದೇ ಗತಿ. 2020ರ ನವೆಂಬರಲ್ಲಿ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್ ಇಲ್ಲಿ ಬ್ಯಾನ್ ಆದ್ಮೇಲೆ ಅದನ್ನೂ ನಾವೇ ತರ್ಸಂಗಿಲ್ಲ, ಯಾರೋ ತರ್ಸಿ ಮಾರೋರ ಹತ್ರ ಅವ್ರು ಹೇಳಿದ ರೇಟಿಗೆ ತಗೋಬೇಕು. ನಿಮ್ಮ ಕಾಂಬೋದಲ್ಲಿ ನಿಜವಾದ ದುಡ್ಡು ಹೋಗ್ತಿರೋದು ಬೋರ್ಡಿಗೆ, ನೀವು ತಲೆ ಕೆಡಿಸ್ಕೊಂಡಿರೋದು ಪ್ರೊಸೆಸರ್ ಬಗ್ಗೆ.

ನಾನು 2680 ವಿ4 ತಗೊಂಡೆ. ಎಕ್ಸ್‌ಪೋರ್ಟಲ್ಲಿ ಖುಷಿ ಆತು, ಸುಳ್ಳು ಹೇಳಲ್ಲ. ಗೇಮಲ್ಲಿ ಬೇಜಾರಾತು. ಟಾಸ್ಕ್ ಮ್ಯಾನೇಜರ್ ತೆಗೆದ್ರೆ 28 ಡಬ್ಬಿ ಕಾಣ್ತವೆ, ಒಂದೆರಡು ಮಾತ್ರ ಮೇಲಿನವರೆಗೆ ತುಂಬಿರ್ತವೆ, ಉಳಿದಿದ್ದು ಆಕಳಿಸ್ತಾ ಕೂತಿರ್ತವೆ, ಗ್ರಾಫಿಕ್ಸ್ ಕಾರ್ಡೂ ಅರ್ಧ ಖಾಲಿ. ತೋಟ ಇದ್ದೋರಿಗೆ ಅರ್ಥ ಆಗೋ ಹಂಗೆ ಹೇಳ್ಬೇಕಂದ್ರೆ, ಅಡಿಕೆ ಸುಲಿಯೋಕೆ ಹದಿನಾಲ್ಕು ಜನ ಮೆಟ್ಟುಗತ್ತಿ ಹಿಡ್ಕೊಂಡು ಕೂತಿದಾರೆ, ಮರ ಹತ್ತಿ ಕೊನೆ ತೆಗೆಯೋನು ಒಬ್ಬ, ಅವ್ನೂ ನಿಧಾನಸ್ಥ. ಗೇಮಲ್ಲಿ ಆ ಮರ ಹತ್ತೋ ಕೆಲಸ ಮಾಡೋದು ಮೇನ್ ಥ್ರೆಡ್ಡು, ಅದಕ್ಕೆ ಬೇಕಾಗಿದ್ದು ಒಂದು ಕೋರಿನ ಸ್ಪೀಡು. 2680 ವಿ4 ಬೇಸ್ (ಮಾಮೂಲಿ ಸ್ಪೀಡು) 2.4, ಟರ್ಬೋ 3.3 ಗಿಗಾಹರ್ಟ್ಸ್, ಆ 3.3 ಕೂಡ ಒಂದೆರಡು ಕೋರ್ ಮಾತ್ರ ಕೆಲಸ ಮಾಡ್ತಿದ್ರೆ. ಜಾಸ್ತಿ ಕೋರ್ ಎದ್ದಷ್ಟೂ ಅದು ಮೆಟ್ಲು ಮೆಟ್ಲು ಇಳೀತಾ ಹೋಗ್ತದೆ.

ಅಲ್ಲೇ ನಂಗೆ ಅನ್‌ಲಾಕಿನ ಹುಚ್ಚು ಹಿಡಿದಿದ್ದು. ವೀಡಿಯೋ ನೋಡ್ದೆ, ಬಯೋಸ್ (ಬೋರ್ಡನ್ನ ಎಬ್ಬಿಸೋ ಸಾಫ್ಟ್‌ವೇರು) ಒಳಗಿಂದ ಮೈಕ್ರೋಕೋಡ್ (ಪ್ರೊಸೆಸರಿಗೆ ಇಂಟೆಲ್ ಕೊಡೋ ತಿದ್ದುಪಡಿ) ತೆಗೆದುಹಾಕಿ ಮಾಡಿಫೈ ಮಾಡಿದ ಫೈಲ್ ಫ್ಲ್ಯಾಶ್ ಮಾಡಿದ್ರೆ ಎಲ್ಲಾ ಕೋರುಗಳೂ ಒಟ್ಟಿಗೆ ಟಾಪ್ ಟರ್ಬೋದಲ್ಲಿ ಓಡ್ತವೆ. ಅದು ನಿಜಾನೇ. ಆದ್ರೆ ಇದ್ರ ಹಿಂದಿನ ತಲೆಮಾರು ವಿ3ಗೆ ಮಾತ್ರ. ಹ್ಯಾಸ್‌ವೆಲ್ ಅಂತಾರಲ್ಲ, 2014ರದ್ದು, ಅದ್ರಲ್ಲಿದ್ದ ಒಂದು ಸಂದು ಅದು. 2016ರ ವಿ4 ಬ್ರಾಡ್‌ವೆಲ್ಲು, ಅದ್ರಲ್ಲಿ ಆ ಸಂದು ಇಲ್ಲ. ಬೋರ್ಡ್ ಒಂದೇ, ಸಾಕೆಟ್ ಒಂದೇ, ವೀಡಿಯೋದಲ್ಲಿ ತೋರ್ಸಿದ ಬೋರ್ಡೂ ನಂದೇ ತರ ಇತ್ತು, ಹಂಗಾಗಿ ನಂದಕ್ಕೂ ನಡೀತದೆ ಅಂದ್ಕೊಂಡೆ. ನೀವು ಕೇಳ್ತಿರೋ ಎರಡೂ ಪ್ರೊಸೆಸರ್ ವಿ4. ಹಂಗಾಗಿ ಅನ್‌ಲಾಕ್ ಮಾತು ಇಲ್ಲಿಗೇ ಬಿಟ್ಬಿಡಿ.

ಇಷ್ಟಕ್ಕೇ ಮುಗಿದಿದ್ರೆ ಫ್ಲ್ಯಾಶ್ ಮಾಡಿ, ಏನೂ ಬದಲಾಗ್ಲಿಲ್ಲ ಅಂತ ವಾಪಸ್ ಹಳೇ ಬಯೋಸ್ ಹಾಕ್ತಿದ್ದೆ. ಬೋರ್ಡ್ ಹೋಗಿದ್ದು ಬೇರೆ ಕಾರಣಕ್ಕೆ, ಅದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ ಯಾಕಂದ್ರೆ ಮಲೆನಾಡಲ್ಲಿ ಪಿಸಿ ಇಟ್ಕೊಂಡಿರೋರಲ್ಲಿ ಸುಮಾರು ಜನ ಇದೇ ತಪ್ಪಲ್ಲಿದಾರೆ. ನಾನು ಫ್ಲ್ಯಾಶ್‌ಗೆ ಕೂತಿದ್ದು ಆಷಾಢದ ಮಳೇಲಿ. ನಮ್ಮ ಕಡೆ ಆಷಾಢದಲ್ಲಿ ಕರೆಂಟು ಅಂದ್ರೆ ಎಲ್ಲಿ ಮರ ಬಿತ್ತು, ಎಲ್ಲಿ ಲೈನ್ ತುಂಡಾತು ಅನ್ನೋದ್ರ ಮೇಲೆ. ಅಷ್ಟೂ ಗೊತ್ತಿದ್ದೂ ಧೈರ್ಯವಾಗಿ ಕೂತೆ, ಯಾಕಂದ್ರೆ ಮನೇಲಿ ಇನ್ವರ್ಟರ್ ಇತ್ತು, ಪಿಸಿ ಪ್ಲಗ್ ಪಾಯಿಂಟೂ ಅದೇ ಲೈನಲ್ಲಿತ್ತು. ಇನ್ವರ್ಟರ್ ಇದ್ಮೇಲೆ ಯುಪಿಎಸ್ ಯಾಕೆ ಅಂತ ನನ್ನ ಲೆಕ್ಕ.

ಇನ್ವರ್ಟರಿನ ಹಿಂದೆ ಒಂದು ಸಣ್ಣ ಸ್ವಿಚ್ ಇರ್ತದೆ ನೋಡಿದೀರಾ? ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇಕೋ ಅಂತಲೋ ನಾರ್ಮಲ್ ಅಂತಲೋ ಬರ್ದಿರ್ತದೆ. ಯುಪಿಎಸ್ ಕಡೆ ಇಟ್ರೆ ವೋಲ್ಟೇಜ್ ಸುಮಾರು 180ರ ಕೆಳಗೆ ಇಳಿದ ಕೂಡ್ಲೇ ಬ್ಯಾಟರಿಗೆ ಹಾರ್ತದೆ, ಹಾರೋದೂ ಬೇಗ. ಇನ್ನೊಂದು ಕಡೆ ಇಟ್ರೆ 100 ವೋಲ್ಟ್ ಹತ್ರಕ್ಕೆ ಇಳಿದ್ರೂ ಮೇನ್ಸ್ ಕರೆಂಟನ್ನೇ ಕೊಡ್ತಾ ಇರ್ತದೆ, ಹಾರೋದೂ ನಿಧಾನ. ಬಲ್ಬು ಫ್ಯಾನಿಗೆ ಅದು ಸಾಕು. ನಮ್ಮನೇಲಿ ಸಂಜೆ ಆದ್ರೆ ಲೋ ವೋಲ್ಟೇಜು, ಯುಪಿಎಸ್ ಕಡೆ ಇಟ್ರೆ ಕರೆಂಟ್ ಇದ್ದೂ ಇನ್ವರ್ಟರು ಸುಮ್ಸುಮ್ನೆ ಬ್ಯಾಟರಿಗೆ ಹೋಗಿ ರಾತ್ರಿಗೆ ಬ್ಯಾಟರಿ ಇರ್ತಿರ್ಲಿಲ್ಲ ಅಂತ ಅಪ್ಪಯ್ಯ ಯಾವತ್ತೋ ಆ ಸ್ವಿಚ್ ಆಚೆ ತಳ್ಳಿದ್ರು. ನಂಗೆ ಆ ಸ್ವಿಚ್ ಇರೋದೇ ಗೊತ್ತಿರ್ಲಿಲ್ಲ.

ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಕರೆಂಟ್ ಕಡಿದ ಮೇಲೆ ಫುಲ್ ಲೋಡಲ್ಲಿ ಕಡಿಮೆ ಅಂದ್ರೆ ಇಷ್ಟು ತಡ್ಕೋಬೇಕು ಅಂತ ಇರೋ ಲೆಕ್ಕಾನೇ 16-17 ಮಿಲಿಸೆಕೆಂಡು. ನಮ್ಮ ಕರೆಂಟು 50 ಹರ್ಟ್ಸು, ಅಂದ್ರೆ ಒಂದು ಸುತ್ತಿಗೇ 20 ಮಿಲಿಸೆಕೆಂಡು. ಇನ್ವರ್ಟರ್ ಹಾರೋದು ಎಸ್‌ಎಂಪಿಎಸ್ ತಡ್ಕೊಳ್ಳೋದಕ್ಕಿಂತ ತಡ ಆದ್ರೆ ಪಿಸಿ ಆಫ್. ಫ್ಲ್ಯಾಶ್ ಟೂಲಲ್ಲಿ ಇರೇಸ್ ಅನ್ನೋ ಸಾಲು ಮುಗಿದು ರೈಟ್ ಅನ್ನೋ ಸಾಲಲ್ಲಿ ಪರ್ಸೆಂಟೇಜ್ ಏರ್ತಿತ್ತು, ಟ್ಯೂಬ್‌ಲೈಟ್ ಒಂದ್ಸಲ ಮಿಣುಕ್ ಅಂತು, ಇನ್ವರ್ಟರ್ ಟಿಕ್ ಅಂತು, ಮಾನಿಟರ್ ಕಪ್ಪಾತು. ಟ್ಯೂಬ್‌ಲೈಟ್ ಮತ್ತೆ ಹತ್ಕೊಂತು, ಪಿಸಿ ಮಾತ್ರ ರೀಸ್ಟಾರ್ಟ್ ಆಗಕ್ಕೆ ಹೋಗಿ ನಿಂತ್ಹೋತು. ಫ್ಯಾನ್ ತಿರುಗ್ತದೆ, ಬೋರ್ಡಿನ ಮೂಲೇಲಿ ಎರಡಂಕಿಯ ಕೆಂಪು ಡಿಸ್‌ಪ್ಲೇ 00 ತೋರಿಸ್ತದೆ, ಅಷ್ಟೇಯ. ಹಳೇದು ಅಳಿಸಿ ಆಗಿದೆ, ಹೊಸದು ಪೂರ್ತಿ ಬರ್ದಿಲ್ಲ, ಬೋರ್ಡಿಗೆ ತಾನ್ಯಾರು ಅಂತಲೇ ಗೊತ್ತಿಲ್ಲ. ಅಪ್ಪಯ್ಯ ಬಂದು ನೋಡಿ "ಹದ್ನಾಲ್ಕಿದಾವೆ ಅಂದ್ಯಲ್ಲ, ಒಂದಾದ್ರೂ ಎದ್ಕೊಳ್ಳಲ್ವನ?" ಅಂದ್ರು.

ಶಿವಮೊಗ್ಗದಲ್ಲಿ ಒಂದು ಕಡೆ ಕೊಟ್ಟೆ, ಚೈನಾ ಬೋರ್ಡ್ ನಾವು ಮುಟ್ಟಲ್ಲ ಅಂದ್ರು. ಮಾರಿದೋನು ವಾರಂಟಿ ಇಲ್ಲ ಅಂದ. ಆಮೇಲೆ ಗೊತ್ತಾತು ಸಿಎಚ್341ಎ ಅಂತ ಒಂದು ಪ್ರೋಗ್ರಾಮರ್ ಬರ್ತದೆ, ಬೋರ್ಡಲ್ಲಿರೋ ಎಂಟು ಕಾಲಿನ ಬಯೋಸ್ ಚಿಪ್ಪಿಗೆ ಕ್ಲಿಪ್ ಕಚ್ಚಿಸಿ ಲ್ಯಾಪ್‌ಟಾಪಿಂದ ಬರೀಬಹುದು ಅಂತ. ತರಿಸ್ದೆ. ಅದ್ರಲ್ಲೂ ಒಂದು ಕರಾಮತ್ತು: ಆ ಕಪ್ಪು ಬಣ್ಣದ ಅಗ್ಗದ ಪ್ರೋಗ್ರಾಮರ್‌ಗಳಲ್ಲಿ ಎಷ್ಟೋ ಡೇಟಾ ಲೈನಲ್ಲಿ 5 ವೋಲ್ಟ್ ಬಿಡ್ತವೆ, ಚಿಪ್ಪು 3.3 ವೋಲ್ಟಿಂದು. ಅದಿರ್ಲಿ, ಬರಿಯೋಣ ಅಂದ್ರೆ ನನ್ನ ಹತ್ರ ಒರಿಜಿನಲ್ ಬಯೋಸಿನ ಬ್ಯಾಕಪ್ಪೇ ಇಲ್ಲ. ಫ್ಲ್ಯಾಶ್ ಮಾಡೋ ಮುಂಚೆ ಇದ್ದಿದ್ದನ್ನ ರೀಡ್ ಮಾಡಿ ಒಂದು ಪೆನ್‌ಡ್ರೈವಿಗೆ ಹಾಕ್ಕೊಂಡಿದ್ರೆ ಮುಗೀತಿತ್ತು. ಈ ಬೋರ್ಡುಗಳಿಗೆ ಸರಿಯಾದ ವೆಬ್‌ಸೈಟೂ ಇರಲ್ಲ, ಒಂದೇ ಹೆಸರಲ್ಲಿ ನಾಲ್ಕು ತರ ಬೋರ್ಡ್ ಬಂದಿರ್ತದೆ. ಯಾರೋ ಕೊಟ್ಟ ಫೈಲ್ ಹಾಕ್ದೆ, ಡಿಸ್‌ಪ್ಲೇ ಬಂತು, ಲ್ಯಾನ್ ಹೋತು, ಅರ್ಧ ಯುಎಸ್‌ಬಿ ಹೋತು. ಕೊನೆಗೆ ಇನ್ನೊಂದು ಬೋರ್ಡ್ ತಗೊಂಡೆ. ಪ್ರೊಸೆಸರ್‌ಗೆ ಕೊಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ ಬರೀ ಬೋರ್ಡಿಗೇ ಸುರಿದೆ, ಅದೂ ವಿ4ನಲ್ಲಿ ಇಲ್ಲದ ಒಂದು ಅನ್‌ಲಾಕಿಗೋಸ್ಕರ.

ಇನ್ನು ನಿಮ್ಮ ಹೋಲಿಕೆ. 2667 ವಿ4 ಎಂಟು ಕೋರು, 3.2 ಬೇಸು, 3.6 ಟರ್ಬೋ, 25 ಎಂಬಿ ಕ್ಯಾಶೆ (ಪ್ರೊಸೆಸರ್ ಒಳಗಿನ ಮೆಮೊರಿ), 135 ವ್ಯಾಟು. 2680 ವಿ4 ಹದಿನಾಲ್ಕು ಕೋರು, ಕ್ಯಾಶೆ 35 ಎಂಬಿ, 120 ವ್ಯಾಟು. ಎರಡರದ್ದೂ ಒಳಗಿನ ಕೋರ್ ಒಂದೇ ಬ್ರಾಡ್‌ವೆಲ್ಲು, ಮೆಮೊರಿ ಒಂದೇ ಡಿಡಿಆರ್4 2400, ಪಿಸಿಐಇ ಲೇನ್ (ಗ್ರಾಫಿಕ್ಸ್ ಕಾರ್ಡು ಇತ್ಯಾದಿಗೆ ಹೋಗೋ ದಾರಿ) ಎರಡಕ್ಕೂ 40. ಹಂಗಾಗಿ ಟರ್ಬೋ ಲೆಕ್ಕ ಹಿಡಿದ್ರೆ 2667 ಗೇಮಲ್ಲಿ ಮುಂದೆ ಇರೋದು ಶೇಕಡಾ 9ರ ಆಸುಪಾಸು, ಎಲ್ಲಾ ಕೋರ್ ದುಡಿಯೋ ಕೆಲಸದಲ್ಲಿ ಕೋರಿನ ಸಂಖ್ಯೆಗೆ ಬೇಸ್ ಕ್ಲಾಕ್ ಗುಣಿಸಿ ನೋಡಿದ್ರೆ 2680 ಮುಂದೆ ಇರೋದು ಶೇಕಡಾ 30ರ ಆಸುಪಾಸು. ಗೇಮಿಗೆ ಅಂತ 2667 ತಗೊಂಡ್ರೂ 3.6 ಕ್ಲಾಕಿನ ಹತ್ತು ವರ್ಷದ ಹಿಂದಿನ ಕೋರ್ ಅದು. ಅದೇ ಗೇಮಿಗೆ ರೈಝೆನ್ 5 5600 ಹಾಕಿ ನೋಡಿ, ಆರೇ ಕೋರು, 4.4ರವರೆಗೆ ಹೋಗ್ತದೆ, 65 ವ್ಯಾಟು, ಒಂದು ಗಿಗಾಹರ್ಟ್ಸಲ್ಲಿ ಮಾಡೋ ಕೆಲಸಾನೂ ಜಾಸ್ತಿ. ನಾನೀಗ ಗೇಮು, ಎಡಿಟಿಂಗ್ ಟೈಮ್‌ಲೈನು ಎರಡೂ ಅದ್ರಲ್ಲೇ ಮಾಡ್ತಿದೀನಿ, ಎಕ್ಸ್‌ಪೋರ್ಟಲ್ಲೂ ಝಿಯಾನಿಗೆ ಹತ್ತಿರ ಹತ್ತಿರ ಬರ್ತದೆ. ಐ3-12100ಎಫ್ ನಾಲ್ಕೇ ಕೋರು, ಅದೂ ಗೇಮಲ್ಲಿ ಇವೆರಡನ್ನೂ ಹಿಂದೆ ಹಾಕ್ತದೆ.

ಇನ್ನೊಂದು, ಇದನ್ನ ಮಾರೋರು ಹೇಳಲ್ಲ. ಈ ಝಿಯಾನುಗಳಲ್ಲಿ ಗ್ರಾಫಿಕ್ಸೇ ಇಲ್ಲ, ಕಾರ್ಡ್ ರಿಪೇರಿಗೆ ಹೋದ್ರೆ ಪಿಸಿ ಆನ್ ಮಾಡಿ ಗೋಡೆ ನೋಡ್ಬೇಕು, ವೀಡಿಯೋ ಎನ್‌ಕೋಡ್ ಬೇಗ ಮಾಡೋ ಇಂಟೆಲ್ ಕ್ವಿಕ್ ಸಿಂಕ್ ಕೂಡ ಸಿಗಲ್ಲ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಪಟ್ಟೀಲಿ ವಿ4 ಇಲ್ಲ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ದಾರಿ ಮಾಡ್ಕೊಂಡು 11 ಹಾಕ್ಕೋಬಹುದು, ಆದ್ರೆ ವಿಂಡೋಸ್ 11ನಲ್ಲಿ ವ್ಯಾಲೊರಂಟ್ ಗೇಮ್ ಆಡ್ಬೇಕಂದ್ರೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಬೋರ್ಡಿನ ಸೆಕ್ಯುರಿಟಿ ವ್ಯವಸ್ಥೆ ಎರಡೂ ಕೇಳ್ತದೆ, ಈ ಅಂಟಿಸಿದ ಬೋರ್ಡಲ್ಲಿ ಅದನ್ನೆಲ್ಲಿಂದ ತರ್ತೀರ.

ಹಂಗಂತ ಝಿಯಾನ್ ದಂಡ ಅಲ್ಲ. ನಂದು ಈಗ ಲಿನಕ್ಸ್ ಹಾಕ್ಕೊಂಡು ಮೂಲೇಲಿ ಕೂತಿದೆ, ರೆಂಡರ್ ಕ್ಯೂ ಅದಕ್ಕೆ ಬಿಡ್ತೀನಿ, ಎರಡು ಮೂರು ವರ್ಚುವಲ್ ಮೆಷಿನ್ ಓಡ್ತವೆ, ತಕರಾರಿಲ್ಲ. ನೀವು ಕಾಲೇಜಲ್ಲಿ ಕ್ಲೌಡು, ನೆಟ್‌ವರ್ಕಿಂಗು ಅಂತ ಕಲೀತಿದ್ರೆ ಅದಕ್ಕೆ ಚಲೋ. ಒಂದೇ ಪಿಸಿ ಇರೋನು, ಅದ್ರಲ್ಲೇ ಗೇಮೂ ಆಗ್ಬೇಕು ಅನ್ನೋನು ಈ ಕಡೆ ಬರಬಾರ್ದು ಅನ್ನೋದೇ ನನ್ನ ಹಠ. ದುಡ್ಡು ಸಾಲ್ದಿದ್ರೆ ಅಡಿಕೆ ಬಿಲ್ ಬರೋವರೆಗೆ ಕಾಯಿರಿ, ಇಲ್ಲಾಂದ್ರೆ ಕಾರ್ಡಿಲ್ಲದೆ ರೈಝೆನ್ 5 5600ಜಿ ಹಾಕ್ಕೊಳ್ಳಿ, ಅದ್ರಲ್ಲೇ ಗ್ರಾಫಿಕ್ಸ್ ಇದೆ, ಕಾರ್ಡ್ ಮುಂದಿನ ವರ್ಷ ತಗೊಂಡ್ರಾತು.

ಅಡ್ವಾನ್ಸ್ ಕೊಟ್ಟಾಗಿದೆ, ಹಿಂದೆ ಬರಕ್ಕಾಗಲ್ಲ ಅನ್ನೋದಾದ್ರೆ 2680 ವಿ4 ತಗೊಳ್ಳಿ. ಗೇಮಿನ ಆ ಶೇಕಡಾ 9ಕ್ಕೆ ಆರು ಕೋರ್ ಬಿಟ್ಟುಕೊಡೋದು ನಂಗಂತೂ ಸರಿ ಕಾಣಲ್ಲ. ಬೋರ್ಡಲ್ಲಿ ರ‍್ಯಾಮ್ ಸ್ಲಾಟ್ ನಾಲ್ಕಿದ್ರೂ ಚಾನೆಲ್ (ರ‍್ಯಾಮಿಂದ ಪ್ರೊಸೆಸರಿಗೆ ಹೋಗೋ ದಾರಿ) ನಾಲ್ಕಿದಾವಾ ಎರಡೇನಾ ಅಂತ ಬಾಯ್ಬಿಟ್ಟು ಕೇಳಿ. ಒಂದೇ ಕಡ್ಡಿ 32 ಜಿಬಿ ಕೊಡ್ತೀನಿ ಅಂದ್ರೆ ಬೇಡ, 8ರದ್ದು ನಾಲ್ಕು ಕೊಡಿ ಅನ್ನಿ. ಕಾಂಬೋದಲ್ಲಿ ಬರೋದು ಹೆಚ್ಚಾಗಿ ಸರ್ವರಿನ ರಿಜಿಸ್ಟರ್ಡ್ ರ‍್ಯಾಮ್ ಆಗಿರ್ತದೆ, ನಿಮ್ಮ ಹಳೇ ಡೆಸ್ಕ್‌ಟಾಪಿನ ರ‍್ಯಾಮ್ ಅದ್ರ ಜೊತೆ ಸೇರ್ಸಿದ್ರೆ ಬೂಟ್ ಆಗಲ್ಲ, ಮುಂದೆ ರೈಝೆನ್ ತಗೊಂಡಾಗ ಈ ರ‍್ಯಾಮ್ ಅದಕ್ಕೂ ಆಗಲ್ಲ, ಹಂಗಾಗಿ ರ‍್ಯಾಮ್ ಉಳೀತದೆ ಅನ್ನೋ ಲೆಕ್ಕ ಹಾಕ್ಬೇಡಿ.